ಗಾಳಮೀಮಾಂಸೆ, ಅಥವಾ ಮೀನು ಸಿಕ್ಕವನ ದುಃಖವಿಚಾರ

ಭಗವಂತ ಮೊದಲು ಮೀನಾಗಿಯೇ ಬಂದನೆಂದು ಪುರಾಣಗಳು ಹೇಳುವುದರಿಂದ ಈ ಸಂಶೋಧನಾ ಪ್ರಬಂಧಕ್ಕೆ ಬೇರೆ ಮಂಗಳಾಚರಣೆ ಬೇಕಾಗಿಲ್ಲ. ನೇರವಾಗಿ ಅನುಬಂಧ ಚತುಷ್ಟಯಕ್ಕೆ ಬರೋಣ. ವಿಷಯ: ಡೇವಿಡ್ ಜೇಮ್ಸ್ ಡಂಕನ್ ಎಂಬ ಅಮೆರಿಕದ ಲೇಖಕರ ‘ದ ರಿವರ್ ವೈ’ ಕಾದಂಬರಿ, 1983. ಸಂಬಂಧ: ಮೀನಿಗೂ ಮೋಕ್ಷಕ್ಕೂ ಇದೆಯೆಂದು ಹೇಳಲಾಗುವ ಸಂಬಂಧ. ಪ್ರಯೋಜನ: ಪ್ರಬಂಧಕಾರನ ಬಡ್ತಿ. ಅಧಿಕಾರಿ, ಎಂದರೆ ಇದನ್ನು ಓದಲು ಯೋಗ್ಯನಾದವನು ಯಾರೆಂಬುದು ಮಾತ್ರ ಇನ್ನೂ ಇತ್ಯರ್ಥವಾಗಿಲ್ಲ. ಮಾರ್ಗದರ್ಶಕರು ಮೊದಲ ಅಧ್ಯಾಯದಾಚೆಗೆ ಹೋದ ಕುರುಹು ಕಾಣುವುದಿಲ್ಲ.

ಪ್ರಬಂಧಕಾರನ ಅರ್ಹತೆಯ ಬಗ್ಗೆ ಆಕ್ಷೇಪ ಬರಬಹುದು. ಈತ ಮೀನು ಹಿಡಿದವನಲ್ಲ, ತಿಂದವನೂ ಅಲ್ಲ. ಆದ್ದರಿಂದ ಪಕ್ಷಪಾತದ ಪ್ರಶ್ನೆಯೇ ಏಳುವುದಿಲ್ಲ. ಈಜು ಬರುವುದಿಲ್ಲ, ಆದ್ದರಿಂದ ವಿಷಯದ ಆಳಕ್ಕೆ ಇಳಿಯುವ ಅಪಾಯವೂ ಇಲ್ಲ.

ಕಾದಂಬರಿಯನ್ನು ಹೊರತಂದದ್ದು ಸಿಯೆರಾ ಕ್ಲಬ್. 1892ರಲ್ಲಿ ಜಾನ್ ಮ್ಯೂರ್ ಮತ್ತು ಸಂಗಡಿಗರು ಬೆಟ್ಟ–ಕಾಡುಗಳನ್ನು ಕಾಯಲೆಂದು ಕಟ್ಟಿದ ಸಂಸ್ಥೆ ಅದು. ಅದರ ಪ್ರಕಾಶನದಿಂದ ಬಂದ ಮೊತ್ತಮೊದಲ ಕಾದಂಬರಿ ಇದು. ಅಲ್ಲಿಯವರೆಗೆ ಮರಗಳನ್ನು ಉಳಿಸುತ್ತಿದ್ದವರು ಕಾದಂಬರಿಗಾಗಿ ಕಾಗದ ಖರ್ಚು ಮಾಡಲು ಒಪ್ಪಿದರೆಂಬುದನ್ನೇ ವಿಮರ್ಶಕರು ಕೃತಿಯ ಗುಣಕ್ಕೆ ಪ್ರಮಾಣವೆಂದು ತೆಗೆದುಕೊಳ್ಳಬಹುದಿತ್ತು.

ಕಥಾನಾಯಕ ಗಸ್ ಆರ್ವಿಸ್ಟನ್. ಆರೆಗನ್ ರಾಜ್ಯದವನು, ಮಿಶ್ರವಿವಾಹದ ಸಂತಾನ. ಮಿಶ್ರವೆಂದರೆ ನಮ್ಮಲ್ಲಿಯಂತೆ ಜಾತಿಯದ್ದಲ್ಲ, ಗಾಳದ್ದು. ತಂದೆ ನೊಣಮತದವರು, ತಾಯಿ ಹುಳುಮತದವಳು. ತಂದೆ ಹೆನಿಂಗ್ ಹೇಲ್–ಆರ್ವಿಸ್ಟನ್ ಫ್ಲೈ ಫಿಶಿಂಗ್, ಎಂದರೆ ಕೃತಕ ನೊಣ ಕಟ್ಟಿ ಮೀನು ಹಿಡಿಯುವ ವಿದ್ಯೆಯ ಬಗ್ಗೆ ಗ್ರಂಥಗಳನ್ನು ಬರೆದ ಸಭ್ಯ ಗೃಹಸ್ಥರು. ಹೆಸರಿನ ಮೊದಲಕ್ಷರಗಳ ದೆಸೆಯಿಂದ ಮನೆಯೊಳಗೆ ಅವರು ‘ಎಚ್ ಟೂ ಓ’. ತಾಯಿ ಎರೆಹುಳು ಸಿಕ್ಕಿಸಿ, ದಾರ ಬಿಟ್ಟು, ಮೀನನ್ನು ದಡಕ್ಕೆ ಎಳೆದು ಒಗೆಯುವ ಗಟ್ಟಿಗಿತ್ತಿ. ಹೋಲಿಕೆಗೆ ಹೇಳುವುದಾದರೆ, ಮಡಿ ಉಟ್ಟ ಆಚಾರ್ಯರಿಗೆ ಸಂತೆಯಲ್ಲಿ ಕೋಳಿ ಮಾರುವ ಹೆಂಗಸನ್ನು ತಂದು ಕಟ್ಟಿದಂತೆ. ಇವರಿಬ್ಬರ ಜಗಳ ನಡೆಯುವುದು ಐಸಾಕ್ ವಾಲ್ಟನ್ ಎಂಬ ಇಂಗ್ಲಿಷ್ ಲೇಖಕನ ಹೆಸರಿನಲ್ಲಿ. 1653ರಲ್ಲಿ ಬಂದ ಆತನ ‘ದ ಕಂಪ್ಲೀಟ್ ಆಂಗ್ಲರ್’ ಆ ಮನೆಯ ಪ್ರಸ್ಥಾನಗ್ರಂಥ. ಒಂದೇ ಸೂತ್ರಕ್ಕೆ ಇಬ್ಬರದೂ ಬೇರೆ ಬೇರೆ ಭಾಷ್ಯ. ವಾಲ್ಟನ್ ನಮ್ಮವನೆಂದು ಅವರು, ನಮ್ಮವನೆಂದು ಇವಳು.

ಇಲ್ಲಿ ಸಂಶೋಧನೆ ಬಾಯಿ ಹಾಕಲೇಬೇಕು. ವಾಲ್ಟನ್ ಮನಸಾರೆ ಬರೆದದ್ದು ಹುಳು, ಕಪ್ಪೆ, ಹಿಟ್ಟಿನುಂಡೆಗಳ ಬಗ್ಗೆ. ನೊಣದ ವಿದ್ಯೆಯನ್ನು ವಿಸ್ತಾರವಾಗಿ ಬರೆದು 1676ರ ಐದನೆಯ ಆವೃತ್ತಿಗೆ ಸೇರಿಸಿದವನು ಅವನ ಗೆಳೆಯ ಚಾರ್ಲ್ಸ್ ಕಾಟನ್. ಅಂದರೆ ನೊಣಮತದವರು ಮೂಲವೆಂದು ಹೊತ್ತು ಮೆರೆಸುವ ಭಾಗ ಪ್ರಕ್ಷಿಪ್ತ! ಇಷ್ಟು ಹೇಳಿಬಿಟ್ಟಿದ್ದರೆ ಆರ್ವಿಸ್ಟನ್ ದಂಪತಿಯ ಜಗಳ ತೀರಿಹೋಗುತ್ತಿತ್ತೆ? ಪ್ರಕ್ಷಿಪ್ತವೆಂದು ತೋರಿಸಿದ್ದರಿಂದ ನಮ್ಮಲ್ಲಿ ಯಾವ ಜಗಳವಾದರೂ ತೀರಿದೆಯೆ?

ಕರ್ನಾಟಕದ ಮಟ್ಟಿಗೆ ಹೇಳುವುದಾದರೆ ನಮ್ಮದು ತಾಯಿಯ ಪಕ್ಷ. ಕಾವೇರಿಯ ಮಹಸೀರ್ ಮೀನಿನ ಆಸೆಗೆ ಗಾಲಿಬೋರೆ, ಭೀಮೇಶ್ವರಿಗಳಿಗೆ ಬರುತ್ತಿದ್ದ ದೊರೆಗಳು ವಿಲಾಯಿತಿ ಕೋಲು, ವಿಲಾಯಿತಿ ರಾಟೆ ಎಲ್ಲವನ್ನೂ ಹೊತ್ತು ತಂದು, ಕೊನೆಗೆ ಗಾಳಕ್ಕೆ ಕಟ್ಟುತ್ತಿದ್ದದ್ದು ರಾಗಿಹಿಟ್ಟಿನ ಉಂಡೆ. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಮನೆತನದವರೊಬ್ಬರು ಹಿಡಿದ ಮಹಸೀರ್ 120 ಪೌಂಡ್ ತೂಗಿತು. ಮುದ್ದೆಯ ಮಹಿಮೆ ಹಳೇಮೈಸೂರಿನವರಿಗೆ ಹೊಸದಾಗಿ ಹೇಳಬೇಕಾದ್ದಲ್ಲ.

ಇನ್ನು ನೊಣದ ಸ್ವರೂಪಲಕ್ಷಣ. ಅಕ್ಕಿಕಾಳಿಗಿಂತ ತುಸು ದೊಡ್ಡದಾದ ಕೊಕ್ಕೆಯೊಂದನ್ನು ಪುಟ್ಟ ಹಿಡಿಕೆಯಲ್ಲಿ ಕಚ್ಚಿಸಿ ನಿಲ್ಲಿಸುತ್ತಾರೆ. ಅದಕ್ಕೆ ಎಳೆದಾರ ಸುತ್ತುತ್ತಾರೆ. ದಾರಕ್ಕೆ ಪ್ರಾಣಿಯ ತುಪ್ಪಟ ಹೊಸೆದು ಹೊಟ್ಟೆ ಮಾಡುತ್ತಾರೆ. ಹುಂಜದ ಕತ್ತಿನ ಗರಿಯೊಂದನ್ನು ಕೊಕ್ಕೆಗೆ ಅಡ್ಡಲಾಗಿ ಸುತ್ತಿದರೆ ಅದರ ಎಳೆಗಳು ಸುತ್ತಲೂ ನಿಮಿರಿ ಕಾಲುಗಳಾಗುತ್ತವೆ. ಆ ಕಾಲುಗಳ ಮೇಲೆಯೇ ಅದು ನೀರಿನಲ್ಲಿ ತೇಲಬೇಕು. ಈ ವಿದ್ಯೆ ಹಳೆಯದು. ಕೆಂಪು ಉಣ್ಣೆ, ಹುಂಜದ ಗರಿ ಕಟ್ಟಿ ಮೀನು ಹಿಡಿಯುವ ಮ್ಯಾಸಿಡೋನಿಯದ ಜನರ ಬಗ್ಗೆ ರೋಮಿನ ಈಲಿಯನ್ ಸುಮಾರು 1800 ವರ್ಷಗಳ ಹಿಂದೆಯೇ ಬರೆದಿದ್ದಾನೆ. 1496ರಲ್ಲಿ ಅಚ್ಚಾದ ಇಂಗ್ಲಿಷ್ ಗ್ರಂಥವೊಂದು ಹನ್ನೆರಡು ನೊಣಗಳನ್ನು ಹೇಳುತ್ತದೆ. ಅದನ್ನು ಬರೆದವಳು ಒಬ್ಬ ಸನ್ಯಾಸಿನಿ ಎಂದು ಪ್ರತೀತಿ. ಮೀನುಗಾರಿಕೆಗೆ ಕಾಷಾಯದ ನಂಟು ಅಲ್ಲಿಂದಲೇ ಬಂತೆನ್ನಲು ನಮಗೆ ಬೇಕಾದಷ್ಟು ಪುರಾವೆ ಇದು.

ನೊಣಗಾರರು ಹೆಚ್ಚಾಗಿ ಅನುಕರಿಸುವುದು ಮೇಫ್ಲೈ ಎಂಬ ಕೀಟವನ್ನು. ರೆಕ್ಕೆ ಬಂದ ಮೇಲೆ ಅದಕ್ಕೆ ತಿನ್ನಲು ಬಾಯಿಯೇ ಕೆಲಸ ಮಾಡುವುದಿಲ್ಲ. ಒಂದೆರಡು ದಿನದಲ್ಲಿ ಕಥೆ ಮುಗಿಯುತ್ತದೆ. ಅತ್ತ ಸಮುದ್ರದಿಂದ ನದಿಗೆ ಮರಳಿ ಮೊಟ್ಟೆಯಿಡಲು ಹೊರಟ ಸಾಲ್ಮನ್ ಮೀನು ಸಹ ಆಹಾರ ಬಿಟ್ಟಿರುತ್ತದೆ. ಉಪವಾಸ ವ್ರತದಲ್ಲಿರುವ ಮೀನಿಗೆ ಗಾಳ ಒಡ್ಡಿ ದಿನವಿಡೀ ನೀರಲ್ಲಿ ನಿಲ್ಲುವ ಮನುಷ್ಯನೂ ಮಧ್ಯಾಹ್ನದ ಊಟ ಬಿಟ್ಟಿರುತ್ತಾನೆ. ನದಿಗೆ ನದಿಯೇ ಏಕಾದಶಿ. ಇಂಥಲ್ಲಿ ಅಧ್ಯಾತ್ಮ ಹುಟ್ಟದೆ ಇನ್ನೇನು ಹುಟ್ಟೀತು?

ಆದ್ದರಿಂದ ಪ್ರಬಂಧಕಾರನ ಮೂಲ ಸಿದ್ಧಾಂತ ಹೀಗಿತ್ತು: ಯತ್ರ ಯತ್ರ ಮತ್ಸ್ಯಾಭಾವಃ, ತತ್ರ ತತ್ರ ತತ್ತ್ವಜಿಜ್ಞಾಸಾ. ಎಲ್ಲೆಲ್ಲಿ ಮೀನು ಸಿಗುವುದಿಲ್ಲವೋ ಅಲ್ಲಲ್ಲಿ ದೇವರ ಚಿಂತೆ. ಬುಟ್ಟಿ ತುಂಬಿದವನು ಮನೆಗೆ ಓಡುತ್ತಾನೆ, ಖಾಲಿ ಇದ್ದವನು ಆಕಾಶ ನೋಡುತ್ತಾನೆ. ಮಾರ್ಗದರ್ಶಕರು ತಲೆದೂಗಿ ಕಾಫಿ ತರಿಸಿದರು. ಆಮೇಲೆ ಕಾದಂಬರಿಯನ್ನು ಓದಲಾಯಿತು.

ಓದಿದರೆ ಸಿದ್ಧಾಂತಕ್ಕೆ ವ್ಯಭಿಚಾರದೋಷ! ಗಸ್‌ಗೆ ಮೀನು ಸಿಗುತ್ತದೆ, ರಾಶಿ ರಾಶಿ ಸಿಗುತ್ತದೆ. ಅಪ್ಪ–ಅಮ್ಮನ ಕಾಟ ತಪ್ಪಿಸಿಕೊಂಡು ಟಮನಾವಿಸ್ ಎಂಬ ಕಲ್ಪಿತ ನದಿಯ ದಡದ ಗುಡಿಸಲಿಗೆ ಬಂದವನು ತನಗೊಂದು ಆದರ್ಶ ದಿನಚರಿ ಬರೆದುಕೊಳ್ಳುತ್ತಾನೆ. ಮೀನು ಹಿಡಿಯಲು ದಿನಕ್ಕೆ 14 ಗಂಟೆಗೂ ಮೇಲೆ. ಮೀನಿಗೆ ಸಂಬಂಧಿಸದ ಮಾತುಕತೆಗೆ ಸೊನ್ನೆ. ವೇಳಾಪಟ್ಟಿ ಚಾಚೂ ತಪ್ಪದೆ ನಡೆಯುತ್ತದೆ, ಹುಡುಗ ಮಾತ್ರ ಒಳಗೊಳಗೇ ಕುಸಿಯುತ್ತಾನೆ. ಒಂದು ದಿನ ನದಿ ಮೀನಿನ ಬದಲು ಮುಳುಗಿ ಸತ್ತವನ ಹೆಣವನ್ನು ಅವನ ಕೈಗೆ ಕೊಡುತ್ತದೆ. ಅಲ್ಲಿಂದಾಚೆಗೆ ಪ್ರಶ್ನೆಗಳು. ಬೆಟ್ಟದ ಮೇಲಿಂದ ನೋಡಿದರೆ ನದಿಯ ಹರಿವೇ ‘ಏಕೆ’ ಎಂಬರ್ಥದ ‘ವೈ’ ಎಂಬ ಇಂಗ್ಲಿಷ್ ಪದವಾಗಿ ಅವನಿಗೆ ಕಾಣುತ್ತದೆ. (ನಮ್ಮ ನದಿಗಳಲ್ಲೂ ಹೀಗೇನಾದರೂ ಬರೆದಿದೆಯೇ ಎಂದು ಭೂಪಟ ತಿರುಗಿಸಿ ನೋಡಿದ್ದಾಯಿತು. ಒಂದೂ ಓದಲಾಗಲಿಲ್ಲ, ಎಲ್ಲವೂ ಅಧಿಕಾರಿಗಳ ಸಹಿ.) ಟೈಟಸ್ ಎಂಬ ತತ್ತ್ವಜ್ಞಾನಿ ಗೆಳೆಯನಾಗಿ ಬಂದು ಪುಸ್ತಕ ಓದಿಸುತ್ತಾನೆ. ಅವನ ನಾಯಿಯ ಹೆಸರು ದೆಕಾರ್ತ್. ಕಾದಂಬರಿಯ ತಾತ್ತ್ವಿಕ ಚರ್ಚೆ ಕೊಂಚ ಉದ್ದವಾಯಿತೆಂದು ಪ್ರಬಂಧಕಾರನ ಖಾಸಗಿ ಅಭಿಪ್ರಾಯ. ನಾಯಿ ಬಂದ ಪುಟಗಳಲ್ಲಿ ಹಾಗನಿಸಲಿಲ್ಲ.

ಅಮೆರಿಕದ ಇನ್ನೊಂದು ರಾಜ್ಯವಾದ ಮೊಂಟಾನಾದ ಸಾಕ್ಷಿಯೂ ಪ್ರತಿಕೂಲವೇ. ನಾರ್ಮನ್ ಮೆಕ್ಲೀನ್ ಎಪ್ಪತ್ತು ದಾಟಿದ ಮೇಲೆ, 1976ರಲ್ಲಿ ಪ್ರಕಟಿಸಿದ ‘ಎ ರಿವರ್ ರನ್ಸ್ ಥ್ರೂ ಇಟ್’ ಕಥನದಲ್ಲಿ ಪಾದ್ರಿಯ ಇಬ್ಬರು ಮಕ್ಕಳು. ಅವರಲ್ಲಿ ನೊಣವಿದ್ಯೆಯ ಮಹಾನಿಪುಣ ಕಿರಿಯವನು ಪಾಲ್. ಅವನ ಗಾಳಕ್ಕೆ ಮೀನು ತಪ್ಪಿದ್ದಿಲ್ಲ, ಅವನನ್ನು ಉಳಿಸಿಕೊಳ್ಳಲು ಮನೆಯವರಿಗಾಗಲಿಲ್ಲ.

ಸಿದ್ಧಾಂತ ಬಿದ್ದರೆ ಬಡ್ತಿಯೂ ಬೀಳುತ್ತದೆ. ಆದ್ದರಿಂದ ತರ್ಕಶಾಸ್ತ್ರಕ್ಕೆ ಶರಣು ಹೋಗಲಾಯಿತು. ಅಭಾವ ನಾಲ್ಕು ಬಗೆ. ಮೀನು ಇನ್ನೂ ಸಿಕ್ಕಿಲ್ಲದಿರುವುದು ಪ್ರಾಗಭಾವ. ಸಿಕ್ಕಿ, ಹುರಿದು, ತಿಂದಾದ ಮೇಲಿನದು ಪ್ರಧ್ವಂಸಾಭಾವ. ಅತ್ಯಂತಾಭಾವಕ್ಕೆ ಉದಾಹರಣೆ ಗಸ್‌ನ ತಮ್ಮ ಬಿಲ್ ಬಾಬ್. ಆ ಮನೆಯಲ್ಲಿ ಹುಟ್ಟಿಯೂ ಮೀನಿನ ಗೊಡವೆಗೆ ಹೋಗದ ಹುಡುಗ, ಇಡೀ ಕಾದಂಬರಿಯಲ್ಲಿ ನಿರಾಳವಾಗಿರುವವನೂ ಅವನೇ. (ಶೃಂಗೇರಿಯಲ್ಲಿ ತುಂಗೆಯ ಮೀನಿಗೆ ಭಕ್ತರು ಮಂಡಕ್ಕಿ ಎಸೆಯುತ್ತಾರೆ, ಹಿಡಿಯುವಂತಿಲ್ಲ. ಅಲ್ಲಿರುವುದು ಗಾಳದ ಅತ್ಯಂತಾಭಾವ. ಶಂಕರರ ಪೀಠವಿರುವಲ್ಲಿ ಮೀನೂ ನಿಶ್ಚಿಂತ.) ಉಳಿದದ್ದು ಅನ್ಯೋನ್ಯಾಭಾವ: ಮಡಕೆ ಬಟ್ಟೆಯಲ್ಲ, ಬಟ್ಟೆ ಮಡಕೆಯಲ್ಲ ಎಂಬಂಥದು. ಗಸ್‌ನ ಸಂಕಟ ಕೂತದ್ದು ಇಲ್ಲಿ. ಕೈಯಲ್ಲಿ ಮೀನಿದೆ; ಬೇಕಾದದ್ದು ಮೀನಲ್ಲ. ಅದು ಗೊತ್ತಾಗಬೇಕಾದರೆ ಮೊದಲು ಮೀನು ಸಿಗಬೇಕು, ಸಿಕ್ಕು ಸಾಕಾಗಬೇಕು. ಖಾಲಿ ಬುಟ್ಟಿಯವನಿಗೆ ಈ ಅನುಕೂಲವಿಲ್ಲ. ಬೇಕಾದದ್ದು ಮೀನೇ ಎಂಬ ನಂಬಿಕೆಯಲ್ಲಿ ಅವನು ಸಾಯುವತನಕ ಸುಖವಾಗಿರಬಲ್ಲ.

ಸಿದ್ಧಾಂತ ಹೀಗೆ ಪೂರಾ ತಲೆಕೆಳಗಾದರೂ ‘ಅಭಾವ’ ಎಂಬ ಪದ ಉಳಿದುಕೊಂಡದ್ದರಿಂದ ನೋಂದಣಿಯಾಗಿದ್ದ ಶೀರ್ಷಿಕೆ ಬದಲಿಸಲು ಮತ್ತೆ ಅರ್ಜಿ ಹಾಕಬೇಕಾಗಲಿಲ್ಲ.

ಕೊನೆಯ ತೊಡಕು ಎಡ್ಡಿಯದು. ಗಸ್ ಮನಸೋತ ಹುಡುಗಿ, ಗಾಳದಲ್ಲಿ ಅವನಿಗೆ ಸರಿಜೋಡಿ. ಅವಳು ದೊಡ್ಡದೊಂದು ಚಿನೂಕ್ ಸಾಲ್ಮನ್ ಮೀನಿಗೆ ತೀರಾ ತೆಳ್ಳನೆಯ ದಾರದ ಗಾಳ ಕಚ್ಚಿಸಿ, ಕೋಲನ್ನು ಇವನ ಕೈಗಿತ್ತು ಹೊರಟುಬಿಡುತ್ತಾಳೆ. ಎಳೆದರೆ ದಾರ ಕಡಿಯುತ್ತದೆ, ಬಿಟ್ಟರೆ ಮೀನು ಹೋಗುತ್ತದೆ. ಗಸ್ ಎಳೆಯುವುದಿಲ್ಲ, ಬಿಡುವುದೂ ಇಲ್ಲ. ಕತ್ತಲಲ್ಲಿ ಮೀನು ಹೋದತ್ತ ನದಿಯ ಮೇಲ್ಮುಖವಾಗಿ ತಾನೂ ನಡೆಯುತ್ತಾನೆ. ಕೊನೆಗೆ ಅದನ್ನು ಕೊಲ್ಲದೆ ಬಿಡುತ್ತಾನೆ. ಹಾಗಾದರೆ ಮೀನು ಸಿಕ್ಕಿತೋ, ಇಲ್ಲವೋ? ಸಿಕ್ಕಿತೆಂದರೆ ಬುಟ್ಟಿಯಲ್ಲಿಲ್ಲ, ಇಲ್ಲವೆಂದರೆ ರಾತ್ರಿಯಿಡೀ ದಾರದ ತುದಿಯಲ್ಲಿತ್ತು. ಸತ್ತೂ ಅಲ್ಲದ, ಅಸತ್ತೂ ಅಲ್ಲದ ಇದನ್ನು ಅದ್ವೈತಿಗಳು ಅನಿರ್ವಚನೀಯ ಎನ್ನುತ್ತಾರೆ. ವಿವರಿಸಲಾಗದ್ದೆಂದು ಶಾಸ್ತ್ರವೇ ಹೇಳಿದ ಮೇಲೆ ಅದಕ್ಕೊಂದು ಅಧ್ಯಾಯ ಬರೆಯುವ ಶ್ರಮ ತಪ್ಪಿತು.

ಮೌಖಿಕ ಪರೀಕ್ಷೆಗೆ ಕರಾವಳಿಯ ಪ್ರಾಧ್ಯಾಪಕರೊಬ್ಬರನ್ನು ಕರೆಸಿದ್ದರು. ಪ್ರಾಗಭಾವದಿಂದ ಅನಿರ್ವಚನೀಯದವರೆಗೆ ಎಲ್ಲವನ್ನೂ ಕಣ್ಣು ಮುಚ್ಚಿ ಕೇಳಿದರು. ಮುಗಿದ ಮೇಲೆ ಕನ್ನಡಕ ತೆಗೆದು ಒರೆಸುತ್ತಾ ಒಂದೇ ಪ್ರಶ್ನೆ ಹಾಕಿದರು: “ಅಷ್ಟು ದೊಡ್ಡ ಮೀನು ಬಿಟ್ಟದ್ದಾ ಮಾರಾಯ್ರೆ?” ಹೌದೆಂದೆ. ಅವರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಪ್ರಬಂಧವನ್ನು ತಿದ್ದಿ ಮತ್ತೆ ಸಲ್ಲಿಸಬೇಕೆಂದು ಷರಾ ಬರೆದರು.