ಪರಮಪೂಜ್ಯ ಗೌರವಧನದವರ ಪಾದಾರವಿಂದಗಳಿಗೆ

ಪರಮಪೂಜ್ಯ ಗೌರವಧನದವರ ದಿವ್ಯ ಸನ್ನಿಧಾನಕ್ಕೆ ಒಂದು ಹಳ್ಳಿಯ ಅಂಗನವಾಡಿ ಕಾರ್ಯಕರ್ತೆ ಮಾಡುವ ಶಿರಸಾಷ್ಟಾಂಗ ನಮಸ್ಕಾರಗಳು. ಉಭಯ ಕುಶಲೋಪರಿ ಸಾಂಪ್ರತ. ಇತ್ತ ನಾನು, ನನ್ನ ಸಹಾಯಕಿ, ಕೇಂದ್ರದ ಮಕ್ಕಳು ಎಲ್ಲರೂ ಕ್ಷೇಮ. ತಾವು ಎಲ್ಲಿ ತಂಗಿದ್ದೀರೆಂದು ತಿಳಿಯದೆ ತಮ್ಮ ಕ್ಷೇಮ ವಿಚಾರಿಸಲು ಈ ಬಹಿರಂಗ ಪತ್ರವೇ ಗತಿಯಾಯಿತು. ತಮ್ಮನ್ನು ಕಳಿಸಿಯಾಗಿದೆ ಎನ್ನುತ್ತಾರೆ ಬೆಂಗಳೂರಿನವರು. ಇನ್ನೂ ಬಂದಿಲ್ಲ ಎನ್ನುತ್ತಾರೆ ತಾಲ್ಲೂಕಿನವರು. ದೆಹಲಿಯ ಪಾಲು ಬಂದ ಮೇಲೆ ಒಟ್ಟಿಗೇ ಬರುತ್ತಾರಂತೆ, ಸುಮ್ಮನಿರಮ್ಮ ಎಂದು ಮೇಲ್ವಿಚಾರಕಿಯವರು ಸಮಾಧಾನ ಹೇಳುತ್ತಾರೆ. ದೊಡ್ಡವರ ಸವಾರಿ ಎಂದರೆ ಹಾಗೇ. ಅವಸರ ಮಾಡುವುದು ನಮ್ಮ ಸಂಸ್ಕಾರವಲ್ಲ.

ತಮ್ಮ ದೊಡ್ಡಣ್ಣ ಸಂಬಳರಾಯರನ್ನು ಮಾತ್ರ ನಾನು ತಪ್ಪದೆ ಕಾಣುತ್ತೇನೆ. ನಮ್ಮ ಕೇಂದ್ರದ ಗೋಡೆಗೆ ತಾಗಿದಂತೆ ಪ್ರಾಥಮಿಕ ಶಾಲೆ ಇದೆಯಲ್ಲ, ಅಲ್ಲಿಯ ಮೇಷ್ಟರ ಮನೆಗೆ ತಿಂಗಳು ತಿಂಗಳೂ ಬರುತ್ತಾರೆ. ಬಹಳ ಶಿಸ್ತಿನ ಮನುಷ್ಯರು. ಒಬ್ಬರೇ ಬರುವುದೂ ಇಲ್ಲ. ತುಟ್ಟಿಭತ್ಯೆ ಎಂಬ ಮಗಳನ್ನೂ ಮನೆಬಾಡಿಗೆ ಭತ್ಯೆ ಎಂಬ ಮಗನನ್ನೂ ಜೊತೆಗೆ ಕರೆತರುತ್ತಾರೆ. ಆ ಹುಡುಗಿಗೆ ಜನವರಿಗೊಮ್ಮೆ ಜುಲೈಗೊಮ್ಮೆ ಮೈ ತುಂಬುವ ಯೋಗ. ತಾವೋ ವಿರಕ್ತರು, ಒಂಟಿ. ದೆಹಲಿಯ ಲೆಕ್ಕದಲ್ಲಿ ತಾವು 2018ರ ಅಕ್ಟೋಬರ್ 1ರಂದು 3,000 ರೂಪಾಯಿಯಿಂದ 4,500ಕ್ಕೆ ಏರಿದಿರಿ. ಸಹಾಯಕಿಯ ಪಾಲಿಗೆ 1,500ರಿಂದ 2,250ಕ್ಕೆ. ಆಮೇಲೆ ಎಣ್ಣೆ ಏರಿತು, ಬೇಳೆ ಏರಿತು, ಲೋಕಸಭೆಗೆ ಎರಡು ಚುನಾವಣೆ ನಡೆದವು. ತಾವು ಕೂತ ಮೆಟ್ಟಿಲು ಬಿಟ್ಟು ಏಳಲಿಲ್ಲ. ರಾಜ್ಯದವರು ಆಗಾಗ ತಮ್ಮ ಜೋಳಿಗೆಗೆ ಇಷ್ಟು ಹಾಕುತ್ತಾರೆ, ಸುಳ್ಳು ಹೇಳಬಾರದು. ಹೆಚ್ಚಾಗಿ ನಾವು ಮಕ್ಕಳುಮರಿ ಕಟ್ಟಿಕೊಂಡು ಬೆಂಗಳೂರಿಗೆ ಹೋಗಿ ರಸ್ತೆಯಲ್ಲಿ ಮಲಗಿ ಬಂದ ಮೇಲೆ.

ತಾವು ಈ ನಾಡಿಗೆ ಬಿಜಯಂಗೈದದ್ದು 1975ರ ಅಕ್ಟೋಬರ್ 2, ಗಾಂಧಿ ಜಯಂತಿಯ ದಿನ. ಸಮಗ್ರ ಶಿಶು ಅಭಿವೃದ್ಧಿ ಯೋಜನೆ ದೇಶದ 33 ಕಡೆ ಶುರುವಾದಾಗ ಕರ್ನಾಟಕದಲ್ಲಿ ಆ ಭಾಗ್ಯ ಸಿಕ್ಕಿದ್ದು ಮೈಸೂರು ಜಿಲ್ಲೆಯ ತಿ. ನರಸೀಪುರಕ್ಕೆ. ಊರಿನ ಒಬ್ಬ ಓದಿದ ಹೆಣ್ಣುಮಗಳು ತನ್ನ ಬಿಡುವಿನ ವೇಳೆಯಲ್ಲಿ ಮಕ್ಕಳನ್ನು ಕೂರಿಸಿಕೊಂಡು ನಾಲ್ಕು ಹಾಡು ಹೇಳಿಕೊಟ್ಟು, ತೂಕ ನೋಡಿ, ಉಣ್ಣಿಸಿ ಕಳಿಸುತ್ತಾಳೆ. ಅವಳ ಕೈಖರ್ಚಿಗೆ ಏನಾದರೂ ಕೊಟ್ಟರಾಯಿತು ಎಂದು ಅಂದಿನ ದೊಡ್ಡವರು ಯೋಚಿಸಿದರು. ಹಳ್ಳಿಯ ಹೆಂಗಸಿನ ಬಿಡುವಿನ ವೇಳೆ! ನಾವು ಯಾರೂ ಇದುವರೆಗೆ ಕಣ್ಣಾರೆ ಕಾಣದ ಆ ಪದಾರ್ಥವನ್ನು ದೂರದ ದೆಹಲಿಯಲ್ಲಿ ಕೂತು ಕಂಡುಹಿಡಿದು, ಅದರ ಮೇಲೆ ಐವತ್ತು ವರ್ಷ ಇಡೀ ದೇಶದ ಒಂದು ಯೋಜನೆಯನ್ನೇ ನಡೆಸಿದ್ದು ಸಾಧಾರಣ ಸಾಧನೆಯೇ?

ತಮ್ಮ ಸ್ತ್ರೀಪಕ್ಷಪಾತವನ್ನು ಎಷ್ಟು ಕೊಂಡಾಡಿದರೂ ಕಡಿಮೆ. ಶಾಸನಸಭೆಗಳಲ್ಲಿ ಮಹಿಳೆಯರಿಗೆ ಮೂರನೆಯ ಒಂದು ಪಾಲು ಕೊಡುವ ಮಾತು ದಶಕಗಳ ಕಾಲ ಎಳೆದಾಡಿ 2023ರಲ್ಲಿ ಕಾನೂನಾಯಿತು. ತಮ್ಮ ದರ್ಬಾರಿನಲ್ಲಿ ಮೊದಲ ದಿನದಿಂದಲೂ ನೂರಕ್ಕೆ ನೂರು ಮೀಸಲಾತಿ. ಅಂಗನವಾಡಿಗೆ ಹೆಂಗಸರೇ ಆಗಬೇಕು, ಅರ್ಜಿ ನಮೂನೆಯಲ್ಲೇ ಹಾಗಿದೆ. ಇದು ಅನ್ಯಾಯ, ನಮಗೂ ಅವಕಾಶ ಬೇಕು ಎಂದು ಒಬ್ಬ ಗಂಡಸಾದರೂ ಕೋರ್ಟಿನ ಮೆಟ್ಟಿಲು ಹತ್ತಿದ್ದನ್ನು ನಾನಂತೂ ಕೇಳಿಲ್ಲ. ನಮ್ಮ ಪಂಚಾಯಿತಿಯ ನೀರುಗಂಟಿ ಬೆಳಿಗ್ಗೆ ವಾಲ್ವ್ ತಿರುಗಿಸಿ ನೀರು ಬಿಡುತ್ತಾನೆ. ಕಷ್ಟದ ಕೆಲಸವೇ, ಅಲ್ಲವೆನ್ನುವುದಿಲ್ಲ. ಅವನ ಹೆಸರು ಕನಿಷ್ಠ ವೇತನದ ಪಟ್ಟಿಯಲ್ಲಿದೆ. (ಕೈಗೆ ಯಾವಾಗ ಸಿಗುತ್ತದೆಂದು ಕೇಳಿದರೆ ಅವನೂ ಒಂದು ಪತ್ರ ಬರೆದಾನು.) ನೀರು ಬಿಡುವುದು ಕೆಲಸ. ಆ ನೀರಲ್ಲಿ ಅನ್ನ ಬೇಯಿಸಿ ಪರರ ಮಕ್ಕಳಿಗೆ ಉಣ್ಣಿಸಿ, ಅವರು ಮಾಡಿಕೊಂಡಿದ್ದನ್ನು ತೊಳೆಯುವುದು ಮಾತೃಹೃದಯ. ಹೃದಯಕ್ಕೆ ವೇತನಶ್ರೇಣಿ ನಿಗದಿ ಮಾಡುವುದು ಹೇಗೆ ಎಂಬ ಸಂಕೋಚ ಮೇಲಿನವರಿಗೆ ಇದ್ದರೆ ಅದು ಅವರ ದೊಡ್ಡತನ.

ಬಿಡುವಿನ ವೇಳೆಯ ವಿಷಯಕ್ಕೆ ಬರುತ್ತೇನೆ. ತಾವು ಮೊಟ್ಟೆಯ ಲೆಕ್ಕ ಕೇಳಿದ್ದೀರಾ, ಸ್ವಾಮಿ? ಮಕ್ಕಳಿಗೆ, ಗರ್ಭಿಣಿಯರಿಗೆ, ಬಾಣಂತಿಯರಿಗೆ ಮೊಟ್ಟೆ ಕೊಡಬೇಕೆಂದು ಸರ್ಕಾರ ಆಜ್ಞೆ ಮಾಡಿದೆ. ಬಹಳ ಒಳ್ಳೆಯದು, ನಾನೇ ನಿಂತು ಕೊಡುತ್ತೇನೆ. ಸರ್ಕಾರದ ಪುಸ್ತಕದಲ್ಲಿ ಮೊಟ್ಟೆಗೆ ಒಂದು ಬೆಲೆ, ಸಂತೆಯಲ್ಲಿ ಇನ್ನೊಂದು. ಅದೇನೋ ಕೋಳಿಗಳಿಗೆ ಇಲಾಖೆಯ ಸುತ್ತೋಲೆ ತಲುಪುವುದೇ ಇಲ್ಲ. ನಡುವಿನ ವ್ಯತ್ಯಾಸವನ್ನು ತುಂಬುವವರು ತಾವೇ. ಅಂದರೆ ತಾವು ನನ್ನ ಖಾತೆಗೆ ಬಂದು, ಅಂಗಡಿಯ ಸಾಬರ ಗಲ್ಲಾಪೆಟ್ಟಿಗೆಗೆ ಇಳಿದು, ಮೊಟ್ಟೆಯ ರೂಪದಲ್ಲಿ ಸರ್ಕಾರದ ಸೇವೆಗೇ ಮರಳುತ್ತೀರಿ. ಬಾಲವಿಕಾಸ ಸಮಿತಿಯ ಖಾತೆಗೆ ಮೊಟ್ಟೆಯ ಹಣ ಬರುವ ಹೊತ್ತಿಗೆ ತಿಂದ ಕೂಸು ಒಂದನೇ ತರಗತಿಗೆ ಸೇರಿರುತ್ತದೆ. ಸಾಲದ ಚೀಟಿ ತೋರಿಸಿ ಸಾಬರು ಕೇಳಿದರೆ, ಬರುತ್ತದೆ ತಡೀರಿ ಅಣ್ಣ ಎನ್ನುತ್ತೇನೆ. ಅವರು, ಮೇಡಂ, ನೀವು ಸರ್ಕಾರಿ ನೌಕರರು, ನಿಮ್ಮ ದುಡ್ಡು ಎಲ್ಲಿ ಹೋಗುತ್ತೆ ಎಂದು ನಗುತ್ತಾರೆ. ಇಡೀ ಊರಿನಲ್ಲಿ ನನ್ನನ್ನು ಸರ್ಕಾರಿ ನೌಕರಳು ಎಂದು ನಂಬಿರುವವರು ಅವರೊಬ್ಬರೇ.

ಮೊಟ್ಟೆ ಮುಗಿದರೆ ಮೊಬೈಲು. ಪೋಷಣ್ ಟ್ರ್ಯಾಕರ್ ಎಂಬ ಆ್ಯಪ್ 2021ರಲ್ಲಿ ಬಂತು. ಮಗುವಿನ ತೂಕ, ಎತ್ತರ, ಹಾಜರಿ, ಊಟದ ಫೋಟೊ ಎಲ್ಲವನ್ನೂ ಅದಕ್ಕೆ ನೈವೇದ್ಯ ಮಾಡಬೇಕು. ಆ್ಯಪ್ ಬಂದ ಮೇಲೆ ಪುಸ್ತಕ ಬರೆಯುವುದು ತಪ್ಪುತ್ತದೆ ಎಂದುಕೊಂಡಿದ್ದೆವು. ನೆಟ್‌ವರ್ಕ್ ಇಲ್ಲದ ದಿನಕ್ಕೆ ಇರಲಿ ಎಂದು ಪುಸ್ತಕವೂ ಉಳಿಯಿತು. 2025ರ ಜುಲೈಯಿಂದ ಮನೆಗೆ ಕೊಡುವ ಆಹಾರ ಸಾಮಗ್ರಿಗೆ ಪಡೆಯುವವರ ಮುಖವನ್ನೂ ಮೊಬೈಲು ಗುರುತಿಸಬೇಕು. ಹೆರಿಗೆಯಾಗಿ ಸೊರಗಿದವಳ ಮುಖ ಅವಳ ಆಧಾರ್ ಫೋಟೊಗೆ ಹೊಂದುವುದಿಲ್ಲ. ಹೊಂದಿದರೆ ಒಟಿಪಿ ಅವಳ ಗಂಡನ ಫೋನಿಗೆ ಹೋಗುತ್ತದೆ. ಅವನು ಬೆಂಗಳೂರಿನಲ್ಲಿ ಗಾರೆ ಕೆಲಸದಲ್ಲಿ ಫೋನ್ ಎತ್ತುವುದಿಲ್ಲ. ಕೂಸನ್ನು ಸೊಂಟದಲ್ಲಿಟ್ಟುಕೊಂಡು ಆ ತಾಯಿ, ಯಾಕಕ್ಕ, ನಾನು ನಾನೇ ಅಲ್ಲವಾ ಎನ್ನುತ್ತಾಳೆ. ನೀನು ನೀನೇ ಕಣವ್ವ, ಹುಟ್ಟಿದಾಗಿಂದ ನೋಡಿದ್ದೀನಿ, ಇದಕ್ಕೆ ಗೊತ್ತಿಲ್ಲ ಅಷ್ಟೆ ಎಂದು ನಾನು ಹೇಳಬಹುದು, ಆದರೆ ನನ್ನ ಮಾತು ಸರ್ವರ್‌ಗೆ ಏರುವುದಿಲ್ಲ. ಇದರ ನಡುವೆ ಮತದಾರರ ಪಟ್ಟಿ ಪರಿಷ್ಕರಣೆ ಬರುತ್ತದೆ, ಆಗ ನಾನು ಬಿಎಲ್‌ಒ, ಅಂದರೆ ಮತಗಟ್ಟೆ ಮಟ್ಟದ ಅಧಿಕಾರಿ. ಯಾವುದೋ ಸಮೀಕ್ಷೆ ಬರುತ್ತದೆ, ಆಗ ಗಣತಿದಾರಳು. ಸಚಿವರು ಬರುತ್ತಾರೆ, ಆಗ ಕಳಶ ಹೊತ್ತವಳು.

ತಮ್ಮ ಜಾತಕದ ಬಗ್ಗೆ ಸುಪ್ರೀಂ ಕೋರ್ಟು ಎರಡು ಸಲ ವಿಚಾರ ಮಾಡಿರುವುದು ತಮಗೆ ತಿಳಿದೇ ಇದೆ. ಮೊದಲನೆಯದು ನಮ್ಮ ರಾಜ್ಯದ್ದೇ. ಅಮೀರ್‌ಬಿ ಪ್ರಕರಣ, 2006ರ ಡಿಸೆಂಬರ್. ಅಂಗನವಾಡಿ ಕಾರ್ಯಕರ್ತೆಯರದು ಸರ್ಕಾರದ ನಾಗರಿಕ ಹುದ್ದೆಯಲ್ಲ, ಆದ್ದರಿಂದ ನೌಕರರ ನ್ಯಾಯಮಂಡಳಿಯ ಬಾಗಿಲು ಅವರಿಗೆ ತೆರೆಯುವುದಿಲ್ಲ ಎಂದಾಯಿತು. ಆ ವ್ಯಾಜ್ಯದಲ್ಲಿ ನಮಗೆದುರಾಗಿ ನಿಂತಿದ್ದು ಕರ್ನಾಟಕ ಸರ್ಕಾರ. ತನ್ನ ಮನೆಯಲ್ಲಿ ದುಡಿಯುವವಳನ್ನು ತನ್ನವಳಲ್ಲ ಎಂದು ಸಾಬೀತು ಮಾಡಲು ಅಷ್ಟು ದೂರ ಹೋದದ್ದು ನಮ್ಮ ಮೇಲಿನ ಅಭಿಮಾನವಲ್ಲದೆ ಮತ್ತೇನು? ನಿರ್ಲಕ್ಷ್ಯವಿದ್ದರೆ ಇಷ್ಟು ಶ್ರಮ ಯಾರು ಪಡುತ್ತಾರೆ? 2013ರಲ್ಲಿ 45ನೇ ಭಾರತೀಯ ಕಾರ್ಮಿಕ ಸಮ್ಮೇಳನ ನಮ್ಮಂಥವರನ್ನೂ ಕಾರ್ಮಿಕರೆಂದು ಪರಿಗಣಿಸಿ, ಕನಿಷ್ಠ ವೇತನ ಕೊಡಿ ಎಂದು ಶಿಫಾರಸು ಮಾಡಿತು. ಅದನ್ನು ಬಹಳ ಜೋಪಾನವಾಗಿ ಇಟ್ಟಿದ್ದಾರೆ.

ಎರಡನೆಯದು ಗುಜರಾತಿನಿಂದ ಬಂದ ವ್ಯಾಜ್ಯ. 2022ರ ಏಪ್ರಿಲ್ 25ರಂದು ಬಂದ ತೀರ್ಪು ನಮಗೂ ಗ್ರಾಚ್ಯುಟಿ ಸಲ್ಲಬೇಕೆಂದಿತು. 1972ರ ಗ್ರಾಚ್ಯುಟಿ ಕಾಯ್ದೆಯ ಲೆಕ್ಕಕ್ಕೆ ತಾವೂ ವೇತನವೇ ಎಂದು ಹೇಳಿತು. ಅಂದರೆ ತಾವು ಸಂಬಳರಾಯರ ಒಡಹುಟ್ಟು ಎಂಬುದು ಸರ್ವೋಚ್ಚ ನ್ಯಾಯಾಲಯದಲ್ಲೇ ಸಾಬೀತಾಯಿತು, ಅಭಿನಂದನೆಗಳು! ಆ ತೀರ್ಪು ನಮ್ಮೂರಿನ ತನಕ ನಡೆದು ಬರಲಿ ಎಂದು 2023ರ ಜನವರಿಯ ಚಳಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಹಗಲುರಾತ್ರಿ ಕೂತದ್ದನ್ನು ನಾವು ಹೇಳಿಕೊಳ್ಳುವುದಿಲ್ಲ. ಈಗ ನಮ್ಮ ಸ್ಥಿತಿ ಹೀಗಿದೆ: ಅರವತ್ತು ವರ್ಷ ತುಂಬಿ ಮನೆಗೆ ಕಳಿಸುವ ದಿನ ನಾನು ನೌಕರಳು. ಅದರ ಹಿಂದಿನ ದಿನದವರೆಗೂ ಸ್ವಯಂಸೇವಕಿ. ಮದುವೆಯಾಗದೆ ಮೂವತ್ತು ವರ್ಷ ಸಂಸಾರ ಮಾಡಿಸಿ, ಬಿಡುಗಡೆಯ ದಿನ ತಾಳಿ ಕಟ್ಟುವ ಈ ಕ್ರಮಕ್ಕೆ ಶಾಸ್ತ್ರದಲ್ಲಿ ಏನೆನ್ನುತ್ತಾರೋ, ಪುರೋಹಿತರನ್ನು ಕೇಳಬೇಕು.

ಶಿಸ್ತಿನ ವಿಚಾರದಲ್ಲಿ ಮಾತ್ರ ನಮಗೆ ಪೂರ್ಣ ನೌಕರಳ ಮರ್ಯಾದೆ ಸಿಗುತ್ತದೆ ಎಂಬುದನ್ನು ಕೃತಜ್ಞತೆಯಿಂದ ಸ್ಮರಿಸಬೇಕು. ತಡವಾದರೆ ಕಾರಣ ಕೇಳಿ ನೋಟಿಸು. ಫೋಟೊ ಏರಿಸದಿದ್ದರೆ ನೋಟಿಸು. ಮುಷ್ಕರಕ್ಕೆ ಹೋದರೆ ಆ ದಿನಗಳಷ್ಟು ತಮ್ಮನ್ನು ಕತ್ತರಿಸಿ ಕಳಿಸುತ್ತಾರೆ. ಸ್ವಯಂಸೇವೆಗೆ ಗೈರುಹಾಜರಾಗುವುದು ಹೇಗೆ ಎಂದು ನನ್ನ ಸಹಾಯಕಿ ಕೇಳಿದಳು. ಅವಳು ಅಷ್ಟು ಓದಿದವಳಲ್ಲ, ಇಂಥವೆಲ್ಲ ಕೇಳುತ್ತಾಳೆ.

ತಮ್ಮ ತಂಗಿ ಪ್ರೋತ್ಸಾಹಧನಮ್ಮನವರ ವಿಷಯವನ್ನೂ ಇಲ್ಲೇ ಅರಿಕೆ ಮಾಡಿಕೊಳ್ಳುತ್ತೇನೆ, ಆರೋಗ್ಯ ಇಲಾಖೆಯ ಆಶಾ ಅಕ್ಕಂದಿರು ಬೇರೆ ಪತ್ರ ಬರೆಯುವಷ್ಟು ಪುರುಸೊತ್ತಿನಲ್ಲಿಲ್ಲ. ಹೆರಿಗೆಗೆ ಕರೆದೊಯ್ದರೆ ಇಷ್ಟು, ಲಸಿಕೆ ಹಾಕಿಸಿದರೆ ಇಷ್ಟು ಎಂದು ಬಿಡಿಬಿಡಿಯಾಗಿ ಬರುವುದು ಆಕೆಯ ಪದ್ಧತಿ. ಕೊರೊನಾ ಕಾಲದಲ್ಲಿ ಆಶಾಗಳು ಮನೆಮನೆ ಬಾಗಿಲು ತಟ್ಟಿದರು. ಜನ ತಟ್ಟೆ ಬಡಿದರು, ಹೂ ಚೆಲ್ಲಿದರು. 2020ರ ಜುಲೈಯಲ್ಲಿ ಅವರೇ ತಿಂಗಳಿಗೆ 12,000 ರೂಪಾಯಿ ಕೊಡಿ ಎಂದು ಮುಷ್ಕರ ಹೂಡಿದಾಗ ತಟ್ಟೆಗಳೆಲ್ಲ ಅಡುಗೆಮನೆಗೆ ಮರಳಿದ್ದವು. 2022ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತದ ಆಶಾಗಳನ್ನೆಲ್ಲ ಒಟ್ಟಾಗಿ ಪ್ರಶಸ್ತಿ ಕೊಟ್ಟು ಹರಸಿತು. 2025ರ ಜನವರಿಯಲ್ಲಿ ಅವರು ಮತ್ತೆ ಬೆಂಗಳೂರಿನಲ್ಲಿ ಧರಣಿ ಕೂತಾಗ ಸಿಕ್ಕ ಭರವಸೆ 10,000. ನಾಲ್ಕೂವರೆ ವರ್ಷ ಹಿಂದೆ ಕೇಳಿದ್ದಕ್ಕಿಂತ ಎರಡು ಸಾವಿರ ಕಡಿಮೆ, ಮಧ್ಯೆ ಒಂದು ಜಾಗತಿಕ ಪ್ರಶಸ್ತಿ. ಪ್ರಶಸ್ತಿ ಬರದಿದ್ದರೆ ಇನ್ನೂ ಸ್ವಲ್ಪ ಜಾಸ್ತಿ ಸಿಗುತ್ತಿತ್ತೇನೋ ಎಂಬ ಕೆಟ್ಟ ಯೋಚನೆ ನನಗೆ ಬಂದದ್ದು ನಿಜ. ಮನ್ನಿಸಬೇಕು.

ಮನೆಯಲ್ಲಿಯೂ ತಮ್ಮ ಕೃಪೆಯಿಂದ ನನಗೊಂದು ಸ್ಥಾನವಿದೆ. ನಮ್ಮತ್ತೆ, ಅವಳೇನು ದುಡಿಯೋದು, ಅಂಗನವಾಡಿಗೆ ಹೋಗಿ ಬರ್ತಾಳೆ ಎನ್ನುತ್ತಾರೆ. ಮಗನ ಫೀಸು ಕಟ್ಟುವ ದಿನ ಮಾತ್ರ ಯಜಮಾನರಿಗೆ ನಾನು ಸರ್ಕಾರಿ ಕೆಲಸದವಳು ಎಂಬ ನೆನಪಾಗುತ್ತದೆ. ಬ್ಯಾಂಕಿಗೆ ಸಾಲಕ್ಕೆ ಹೋದಾಗ ಮ್ಯಾನೇಜರು ಸಂಬಳದ ಚೀಟಿ ಕೇಳಿದರು. ತಮ್ಮ ಹೆಸರು ಹೇಳಿದೆ. ಅವರು ಕುರ್ಚಿಯಿಂದ ಎದ್ದು ಕೈಮುಗಿಯಬಹುದೆಂದುಕೊಂಡರೆ, ನಿಮ್ಮ ಯಜಮಾನರನ್ನ ಕರ್ಕೊಂಡು ಬನ್ನಿ ಎಂದರು. ಯಜಮಾನರಿಗೆ ಒಂದೂಕಾಲು ಎಕರೆ ಖುಷ್ಕಿ ಬಿಟ್ಟರೆ ಬೇರೆ ಆದಾಯವಿಲ್ಲ. ಆದರೂ ಸಾಲ ಅವರ ಹೆಸರಿಗೇ ಆಯಿತು. ಕಂತು ಕಟ್ಟುತ್ತಿರುವವರು ತಾವೇ, ಬಂದ ತಿಂಗಳಲ್ಲಿ.

ಈಗ ಪಾದಕ್ಕೆ ಬಿದ್ದು ಕೇಳುವ ಬಿನ್ನಹಗಳು ಕೆಲವು. ತಾವು ತಿಂಗಳ ಯಾವುದಾದರೂ ಒಂದು ತಾರೀಖನ್ನು ನಿಶ್ಚಯಿಸಿಕೊಂಡು ಬರುವಂತಾಗಬೇಕು. ಐದಾದರೂ ಸರಿ, ಇಪ್ಪತ್ತೈದಾದರೂ ಸರಿ, ಸಾಬರಿಗೆ ಹೇಳಲು ನನಗೊಂದು ದಿನ ಬೇಕು. ತುಟ್ಟಿಭತ್ಯೆ ಎಂಬ ತಮ್ಮ ಅಣ್ಣನ ಮಗಳನ್ನು ಒಂದು ಸಲವಾದರೂ ನಮ್ಮ ಮನೆಗೆ ಕರೆತರಬೇಕು, ಅರಿಶಿನ ಕುಂಕುಮ ಕೊಟ್ಟು ಕಳಿಸುತ್ತೇನೆ, ಹಿಡಿದಿಟ್ಟುಕೊಳ್ಳುವುದಿಲ್ಲ. ಮೊಟ್ಟೆಯ ದುಡ್ಡನ್ನು ಮುಂಗಡ ಕೊಡಿಸಬೇಕು. ತಮಗೆ ವಯಸ್ಸಾಗಿದೆ, ಐವತ್ತು ವರ್ಷದ ಸೇವೆ ಸಾಮಾನ್ಯವೇ. ತಾವು ನಿವೃತ್ತರಾಗಿ ತಮ್ಮ ಜಾಗಕ್ಕೆ ದೊಡ್ಡಣ್ಣನವರನ್ನೇ ಕಳಿಸಿಕೊಟ್ಟರೆ ನಮ್ಮ ಅಭ್ಯಂತರವೇನೂ ಇಲ್ಲ. ಬೀಳ್ಕೊಡುಗೆ ಸಮಾರಂಭ ನಾವೇ ಮಾಡುತ್ತೇವೆ. ಹಾರ, ಶಾಲು, ಹಣ್ಣಿನ ಬುಟ್ಟಿ, ಎಲ್ಲಕ್ಕೂ ಕೈಯಿಂದಲೇ ಹಾಕಿ ಅಭ್ಯಾಸವಿದೆ.

ಇತಿ ತಮ್ಮ ದರ್ಶನಾಕಾಂಕ್ಷಿ,
ಅಂಗನವಾಡಿ ಕಾರ್ಯಕರ್ತೆ (ಹೆಸರು, ಕೇಂದ್ರದ ಸಂಖ್ಯೆ ಆ್ಯಪ್‌ನಲ್ಲಿದೆ)

ವಿ.ಸೂ.: ಈ ಪತ್ರವನ್ನು ಕೆಲಸದ ವೇಳೆಯಲ್ಲಿ ಬರೆದೆನೆಂದು ಯಾರಾದರೂ ನೋಟಿಸು ಕೊಡುವುದಿದ್ದರೆ, ನನಗೆ ಕೆಲಸದ ವೇಳೆ ಎಂಬುದೊಂದು ಇದೆಯೆಂದು ಅದರಲ್ಲಿ ಸ್ಪಷ್ಟವಾಗಿ ಬರೆದು, ಸಹಿ ಮಾಡಿ, ಮೊಹರು ಒತ್ತಿ ಕಳಿಸಬೇಕಾಗಿ ಕೋರಿಕೆ. ಆ ಕಾಗದ ನಮ್ಮ ಸಂಘದವರಿಗೆ ಬೇಕಾಗಿದೆ.