ಕರ್ಣಮಣಿದರ್ಪಣಂ: ಮಿತಧನರ ಇಯರ್‌ಫೋನ್ ಶಾಸ್ತ್ರ

ಕೇಶಿರಾಜನು 13ನೇ ಶತಮಾನದಲ್ಲಿ ಶಬ್ದಮಣಿದರ್ಪಣವನ್ನು ರಚಿಸಿದಾಗ ಶಬ್ದ ಹೇಗೆ ಹುಟ್ಟುತ್ತದೆಂದು ಹೇಳಿದನೇ ಹೊರತು, ಅದು ಎಷ್ಟು ರೂಪಾಯಿಗೆ ಕಿವಿ ತಲುಪುತ್ತದೆಂದು ಹೇಳಲಿಲ್ಲ. ಕನ್ನಡ ಶಾಸ್ತ್ರಪರಂಪರೆಯ ಈ ಕೊರತೆಯನ್ನು ತುಂಬುವುದೇ ಪ್ರಸ್ತುತ ಕೃತಿಯ ಉದ್ದೇಶ. ನಾಭಿಯಲ್ಲಿ ಹುಟ್ಟುವ ಶಬ್ದವು ಒಂದು ದ್ರವ್ಯವೆಂದೂ ಅದರ ಬಣ್ಣ ಬಿಳಿಯೆಂದೂ ಆ ವೈಯಾಕರಣ ಹೇಳಿದ್ದುಂಟು. ಬಣ್ಣದ ಮಾತು ನಮಗೆ ಬಹುಕಾಲ ಬಗೆಹರಿದಿರಲಿಲ್ಲ. 2001ರಲ್ಲಿ ಆಪಲ್ ಕಂಪನಿ ಐಪಾಡ್ ಜೊತೆ ಬಿಳಿಯ ಇಯರ್‌ಫೋನ್ ಕೊಟ್ಟ ಮೇಲೆ ಸಂಶಯ ಪರಿಹಾರವಾಯಿತು. ಕಪ್ಪು ಇಯರ್‌ಫೋನನ್ನು ಅಪಭ್ರಂಶವೆಂದು ತಿಳಿಯತಕ್ಕದ್ದು.

ಆ ಹಿರಿಯನ ಮಾರ್ಗದಲ್ಲೇ ನಾವೂ ಸೂತ್ರ, ವೃತ್ತಿ, ಪ್ರಯೋಗ ಎಂಬ ಕ್ರಮ ಹಿಡಿದಿದ್ದೇವೆ. ಕಂದಪದ್ಯ ಬರೆಯುವ ಶಕ್ತಿ ಇಲ್ಲದ್ದರಿಂದ ಸೂತ್ರಗಳು ಗದ್ಯದಲ್ಲಿವೆ.

ಸೂತ್ರಂ: ಮಿತಧನನೇ ಅಧಿಕಾರಿ.

ವೃತ್ತಿ: ಶಾಸ್ತ್ರವನ್ನು ಓದಲು ಯಾರು ಅರ್ಹರೆಂದು ಮೊದಲೇ ಹೇಳಿಬಿಡುವುದು ವಾಡಿಕೆ. ಇಪ್ಪತ್ತು ಸಾವಿರದ ಹೆಡ್‌ಫೋನ್ ಕೊಳ್ಳಬಲ್ಲವನಿಗೆ ಶಾಸ್ತ್ರದ ಹಂಗಿಲ್ಲ, ಇಎಂಐ ಇದೆ. ಮಿತಧನನೆಂದರೆ ಸಂಬಳ ಬಂದ ವಾರ ಮೂರು ಸಾವಿರದ ಮಾಲನ್ನು ಕಾರ್ಟಿಗೆ ಹಾಕಿ, ಬಾಡಿಗೆ ಕಟ್ಟಿದ ಮೇಲೆ ಅದನ್ನು ತೆಗೆದು, ತಿಂಗಳ ಕೊನೆಗೆ ಸಾವಿರದೊಳಗೆ ಏನಾದರೂ ಗಿಟ್ಟೀತೇ ಎಂದು ಹುಡುಕುವವನು. ಸಾವಿರವೆಂಬ ಗಡಿಗೆ ಚಾರಿತ್ರಿಕ ಆಧಾರವೂ ಉಂಟು. 2016ರ ಸೆಪ್ಟೆಂಬರಿನಲ್ಲಿ ಆಪಲ್ ತನ್ನ ಐಫೋನ್ 7ರಲ್ಲಿ ಜ್ಯಾಕ್ ತೂತನ್ನೇ ಮುಚ್ಚಿತು. ಅದೇ ನವೆಂಬರಿನಲ್ಲಿ ಸರ್ಕಾರ ಸಾವಿರದ ನೋಟನ್ನು ನಿಲ್ಲಿಸಿತು. ಚುಚ್ಚಲು ತೂತಿಲ್ಲ, ಕೊಡಲು ನೋಟಿಲ್ಲ. ಮಿತಧನರ ಚರಿತ್ರೆಯಲ್ಲಿ ಇಷ್ಟು ಕೆಟ್ಟ ವರ್ಷ ಇನ್ನೊಂದಿಲ್ಲ.

ಇಲ್ಲಿ ಪೂರ್ವಪಕ್ಷ: ಫೋನಿಗೆ ಅದರದೇ ಸ್ಪೀಕರ್ ಇರುವಾಗ ಈ ಖರ್ಚು ಏಕೆ? ಊರಿಗೆಲ್ಲ ಕೇಳಿಸಿದರೆ ಪುಣ್ಯವಲ್ಲವೇ? ಕೆಎಸ್‌ಆರ್‌ಟಿಸಿ ಬಸ್ಸಿನ ಹಿಂದಿನ ಸೀಟಿನಲ್ಲಿ ಈ ಮತಕ್ಕೆ ಅನುಯಾಯಿಗಳು ಹೇರಳ. ಸಿದ್ಧಾಂತ: 2021ರ ನವೆಂಬರಿನಲ್ಲಿ ಕರ್ನಾಟಕ ಹೈಕೋರ್ಟ್ ಬಸ್ಸಿನಲ್ಲಿ ಮೊಬೈಲ್ ಸ್ಪೀಕರ್ ಹಾಕಿ ಜೋರಾಗಿ ಹಾಡು, ವಿಡಿಯೊ ಹಚ್ಚುವುದನ್ನು ತಡೆಯಲು ಹೇಳಿತು. ಮಾತು ಕೇಳದವರನ್ನು ಬಸ್ಸಿನಿಂದ ಇಳಿಸಬಹುದೆಂದೂ ಆಯಿತು. ಹಾಗಾಗಿ ಇಯರ್‌ಫೋನ್ ಭೋಗವಸ್ತುವಲ್ಲ, ಊರು ತಲುಪಲು ಬೇಕಾದ ಸಾಧನ.

ಪ್ರಭೇದಗಳನ್ನು ಬೇಗ ಹೇಳಿ ಮುಗಿಸುತ್ತೇವೆ. ಕಿವಿಯೊಳಕ್ಕೆ ಹೊಗುವುದು ಕರ್ಣಪ್ರವೇಶಿ. ಕಿವಿಯ ಬಾಗಿಲಲ್ಲೇ ಕೂತು ಒಳಗೆ ಬರಲೋ ಬೇಡವೋ ಎನ್ನುವುದು ಕರ್ಣದ್ವಾರಪಾಲ. ಕತ್ತಿಗೆ ನೇತುಬೀಳುವ ನೆಕ್‌ಬ್ಯಾಂಡ್ ಕಂಠಾಲಂಬಿ. ಯಾವುದಕ್ಕೂ ಅಂಟದ ಜೋಡಿ ಬಡ್ಸು ನಿರಾಲಂಬ. ತಲೆಯ ಮೇಲೆ ಕಮಾನು ಕಟ್ಟುವ ಹೆಡ್‌ಫೋನು ಶಿರೋವೇಷ್ಟಿ. ಇದರ ಮೂಲಪುರುಷರಲ್ಲಿ ಒಬ್ಬನಾದ ಅಮೆರಿಕದ ಯೂಟಾದ ನಥೇನಿಯಲ್ ಬಾಲ್ಡ್‌ವಿನ್ 1910ರ ಸುಮಾರಿಗೆ ಅಡುಗೆಮನೆಯ ಮೇಜಿನ ಮೇಲೆ ಜೋಡಿಸಿ ನೌಕಾಪಡೆಗೆ ಮಾರಿದನು. ಬಜೆಟ್ ಅಂದೂ ಅಷ್ಟಕ್ಕಷ್ಟೇ ಇತ್ತೆಂಬುದು ಇದರಿಂದ ಸಿದ್ಧ.

ಸೂತ್ರಂ: ಪೆಟ್ಟಿಗೆಯ ಪೊರಗಣ ಮಾತು ಪೆಟ್ಟಿಗೆಗೇ ಸಲ್ಗುಂ.

ವೃತ್ತಿ: ಕಿವಿಗೆ ಹಾಕಿಕೊಳ್ಳುವ ವಸ್ತುವನ್ನು ಮಾರುವವರು ಮೊದಲು ಕಿವಿಯ ಮೇಲೆ ಹೂವಿಡುತ್ತಾರೆ. ಆ ಹೂವಿಗೆ ಎಂಆರ್‌ಪಿ ಎಂದು ಹೆಸರು. ಪೆಟ್ಟಿಗೆಯ ಮೇಲೆ 2,999 ಎಂದು ಕೆತ್ತಿ, ಅದಕ್ಕೆ ಅಡ್ಡಗೆರೆ ಎಳೆದು, ಪಕ್ಕದಲ್ಲಿ 599 ಎಂದು ಬರೆದಿರುತ್ತದೆ. ಶಾಸನಶಾಸ್ತ್ರದಲ್ಲಿ ಅಳಿಸಿದ ಅಕ್ಷರಕ್ಕೆ ಮೂಲಪಾಠದ ಗೌರವವಿದೆ. ಇಲ್ಲಿ ಅಳಿಸಿದ ಅಂಕಿಯ ಬೆಲೆಗೆ ಆ ವಸ್ತುವನ್ನು ಕೊಂಡ ಮನುಷ್ಯ ಚರಿತ್ರೆಯಲ್ಲಿ ದೊರೆತಿಲ್ಲ. ಎರಡು ಸಾವಿರದ ನಾಲ್ಕು ನೂರು ಉಳಿಸಿದೆನೆಂದು ಮನೆಯಲ್ಲಿ ಹೇಳುವವನು, ಆ ದುಡ್ಡು ಎಲ್ಲಿದೆಯೆಂದು ಹೆಂಡತಿ ಕೇಳಿದಾಗ ಉತ್ತರಿಸಲಾರ.

ಇನ್ನು ಪೆಟ್ಟಿಗೆಯ ಬೆನ್ನು. 20 ಹರ್ಟ್ಸ್‌ನಿಂದ 20,000 ಹರ್ಟ್ಸ್ ಎಂದು ಎಲ್ಲ ಪೆಟ್ಟಿಗೆಗಳೂ ಒಕ್ಕೊರಲಿನಿಂದ ಹೇಳುತ್ತವೆ. ಅದು ಎಳೆಯ ಮನುಷ್ಯನ ಕಿವಿಯ ವ್ಯಾಪ್ತಿ, ಇಯರ್‌ಫೋನಿನ ಗುಣವಲ್ಲ. ಆ ವ್ಯಾಪ್ತಿಯಲ್ಲಿ ಎಲ್ಲಿ ಉಬ್ಬಿದೆ, ಎಲ್ಲಿ ತಗ್ಗಿದೆ ಎಂಬುದೇ ಮುಖ್ಯ, ಅದನ್ನು ಮಾತ್ರ ಬರೆದಿರುವುದಿಲ್ಲ. ವಯಸ್ಸಾದಂತೆ ಮೇಲಿನ ತುದಿ ಕಿವಿಯಿಂದ ತಾನಾಗಿಯೇ ಜಾರಿಹೋಗುವುದರಿಂದ, ನಡುವಯಸ್ಸಿನ ಮಿತಧನ ಇಪ್ಪತ್ತು ಸಾವಿರಕ್ಕೆ ದುಡ್ಡು ಕೊಟ್ಟು ಹದಿಮೂರು ಹದಿನಾಲ್ಕು ಸಾವಿರದಷ್ಟು ಕೇಳುತ್ತಾನೆ. ಉಳಿದದ್ದು ಮನೆಯ ನಾಯಿಗೆ. 10 ಮಿಲಿಮೀಟರ್ ಡ್ರೈವರ್ ಎಂದರೆ ಒಳಗಿನ ಪೊರೆಯ ಅಗಲ. ಅದು ದೊಡ್ಡದಾದ ಮಾತ್ರಕ್ಕೆ ಸ್ವರ ಚೆನ್ನಾಗಿರಬೇಕೆಂದಿಲ್ಲ. ಓಮ್ ಎಂಬುದನ್ನು ಓಂಕಾರವೆಂದು ಭ್ರಮಿಸಬಾರದು. 16 ಅಥವಾ 32 ಓಮ್ ಇದ್ದರೆ ಫೋನು ಸುಲಭವಾಗಿ ನುಡಿಸುತ್ತದೆ. 250 ಓಮಿನ ಸ್ಟುಡಿಯೊ ಹೆಡ್‌ಫೋನು ಫೋನಿಗೆ ಭಾರವಾಗುತ್ತದೆ, ಆದರೆ ಅದು ಮಿತಧನನ ಜೇಬಿಗೆ ಮೊದಲೇ ಭಾರವಾಗಿರುವುದರಿಂದ ಚರ್ಚೆ ಅನಗತ್ಯ.

ಎಎನ್‌ಸಿ, ಇಎನ್‌ಸಿ ಎಂಬ ಎರಡು ಬೀಜಾಕ್ಷರಗಳ ಭೇದವನ್ನು ಮಾತ್ರ ಬಾಯಿಪಾಠ ಮಾಡತಕ್ಕದ್ದು. ಎಎನ್‌ಸಿ ಎಂದರೆ ಹೊರಗಿನ ಗದ್ದಲಕ್ಕೆ ತದ್ವಿರುದ್ಧವಾದ ಅಲೆಯನ್ನು ಹುಟ್ಟಿಸಿ ಅದನ್ನು ಹೊಡೆದುಹಾಕುವ ವಿದ್ಯೆ. ಬಂಗಾಳಿ ಕ್ರಾಂತಿಕಾರಿಯ ಮಗ ಅಮರ್ ಬೋಸ್ 1978ರಲ್ಲಿ ವಿಮಾನದಲ್ಲಿ ಕೂತು ಇದರ ಲೆಕ್ಕ ಆರಂಭಿಸಿದರು. ಅವರ ಕಂಪನಿ ಪೈಲಟ್‌ಗಳಿಗಾಗಿ ಹೆಡ್‌ಸೆಟ್ ಮಾರುಕಟ್ಟೆಗೆ ತಂದದ್ದು 1989ರಲ್ಲಿ. ಇಎನ್‌ಸಿ ಬೇರೆ. ಅದು ನಿಮ್ಮ ಮೈಕಿನಲ್ಲಿ ಸುತ್ತಲ ಗದ್ದಲವನ್ನು ಕಡಿಮೆ ಮಾಡಿ, ಫೋನಿನ ಆಚೆ ಇರುವವರಿಗೆ ನಿಮ್ಮ ಮಾತನ್ನು ಸ್ಪಷ್ಟಗೊಳಿಸುತ್ತದೆ. ಸಿಲ್ಕ್ ಬೋರ್ಡ್ ಜಂಕ್ಷನ್ನಿನ ಹಾರ್ನುಗಳೆಲ್ಲ ನಿಮ್ಮ ಕಿವಿಗೇ, ಸುಖವೆಲ್ಲ ಆಚೆಯವರಿಗೆ. ಒಂಬೈನೂರು ರೂಪಾಯಿಯ ಪೆಟ್ಟಿಗೆಯಲ್ಲಿ ದಪ್ಪಕ್ಷರದಲ್ಲಿ ಇರುವುದು ಸಾಮಾನ್ಯವಾಗಿ ಇಎನ್‌ಸಿ. ಮ್ಯಾನೇಜರ್ ಫೋನ್ ಮಾಡಿ ಸಿಕ್ಕಾಪಟ್ಟೆ ಬೈಯುವಾಗ ಅವರಿಗೆ ನಮ್ಮ ‘ಹ್ಞೂಂ ಸಾರ್’ ಸ್ಫಟಿಕದಂತೆ ಕೇಳಲೆಂದು ನಾವು ದುಡ್ಡು ತೆರುತ್ತೇವೆ.

ಬೆಲೆ ಹೆಚ್ಚಾದರೆ ಸ್ವರವೂ ಹೆಚ್ಚುತ್ತದೆಯೇ ಎಂಬ ಸಂದೇಹಕ್ಕೆ ಪರದೇಶದ ಆಪ್ತವಾಕ್ಯವೊಂದು ದೊರೆತಿದೆ. ಜೆರೊಯನ್ ಬ್ರೀಬಾರ್ಟ್ ಎಂಬ ಸಂಶೋಧಕ 2017ರಲ್ಲಿ 283 ಹೆಡ್‌ಫೋನ್, ಇಯರ್‌ಫೋನುಗಳ ಆವರ್ತನ ಪ್ರತಿಕ್ರಿಯೆಯನ್ನು ಅವುಗಳ ಬೆಲೆಯ ಪಕ್ಕದಲ್ಲಿಟ್ಟು ನೋಡಿ, ಎರಡಕ್ಕೂ ಸಂಬಂಧ ಕಾಣಲಿಲ್ಲವೆಂದು ಅಮೆರಿಕದ ಅಕೌಸ್ಟಿಕಲ್ ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟಿಸಿದ. ಪ್ರಬಂಧವನ್ನು ಪ್ರಿಂಟ್ ತೆಗೆಸಿ, ಹೊಸ ಹೆಡ್‌ಫೋನ್ ಹಾಕಿಕೊಂಡು ಬಂದ ಸಹೋದ್ಯೋಗಿಯ ಮೇಜಿನ ಮೇಲಿಡಬಹುದು. ಅವರು ಓದುವುದಿಲ್ಲ, ಆದರೂ ಇಡಬಹುದು.

ಹಾಗಾದರೆ ಪ್ರಮಾಣ ಯಾವುದು? ಪ್ರತ್ಯಕ್ಷವೇ. ಆದರೆ ಅಂಗಡಿಯ ಪ್ರತ್ಯಕ್ಷವನ್ನು ನಂಬುವ ಹಾಗಿಲ್ಲ.

ಪ್ರಯೋಗ: ಬೆಂಗಳೂರಿನ ಎಸ್.ಪಿ. ರೋಡು. ಆಳಗಲದ ಲೆಕ್ಕವಿಲ್ಲದ ಅಂಗಡಿ, ಮೇಲಿನಿಂದ ಕೆಳಗಿನವರೆಗೆ ನೇತುಹಾಕಿದ ಚಾರ್ಜರ್ ವೈರುಗಳು. ಅಂಗಡಿಯ ಹುಡುಗ ಪೆಟ್ಟಿಗೆಯ ಸೀಲನ್ನು ಹೆಬ್ಬೆರಳಿನ ಉಗುರಿನಿಂದ ಸೀಳಿ, ಗಾಜು ಒಡೆದ ತನ್ನ ಫೋನಿಗೇ ಚುಚ್ಚಿ, ಒಂದು ಹಾಡು ಹಾಕುತ್ತಾನೆ. ಆ ಹಾಡಿನಲ್ಲಿ ಡೋಲು ಬಿಟ್ಟರೆ ಇನ್ನೇನಿಲ್ಲ.

‘ಬಾಸ್ ನೋಡಿ ಸಾರ್.’

‘ಹಾಡೋರ ಮಾತೇ ಕೇಳ್ತಿಲ್ಲವಲ್ಲಪ್ಪ.’

‘ಮಾತು ಯಾಕೆ ಸಾರ್, ಹಾಡು ಕೇಳಿ.’

‘ಒರಿಜಿನಲ್ಲಾ?’

‘ಒರಿಜಿನಲ್ ಬೇಕಾ? ಅದು ಬೇರೆ ರೇಟು. ಇದು ಒರಿಜಿನಲ್ ಥರಾನೇ.’

‘ವಾರಂಟಿ?’

‘ಚೆಕಿಂಗ್ ವಾರಂಟಿ ಸಾರ್. ಇಲ್ಲೇ ಚೆಕ್ ಮಾಡ್ಕೊಳ್ಳಿ, ಮೆಟ್ಟಿಲು ಇಳಿದ್ರೆ ನಿಮ್ದು.’

ಹಾಡೆಂದರೆ ಮಾತಿಲ್ಲದ್ದು ಎಂಬ ಈ ಮತವನ್ನು ಖಂಡಿಸಲು ನಮ್ಮಲ್ಲಿ ಕೇಶಿರಾಜನೇ ಇದ್ದಾನೆ. ಬಾಸ್ ಅತಿಯಾದ ಇಯರ್‌ಫೋನಿನಲ್ಲಿ ಅಲ್ಪಪ್ರಾಣಗಳೆಲ್ಲ ಮಹಾಪ್ರಾಣಗಳಾಗುತ್ತವೆ. ‘ಕಾಲ’ ಎಂದರೂ ಖಾರವಾಗಿಯೇ ಬರುತ್ತದೆ. ಮೇಲಿನ ಸ್ವರಗಳು, ಅದರಲ್ಲೂ 5,000ದಿಂದ 8,000 ಹರ್ಟ್ಸ್ ನಡುವೆ ಉಬ್ಬಿದ್ದರೆ ಶ, ಷ, ಸ ಮೂರೂ ಒಂದೇ ಸೂಜಿಯಾಗಿ ಚುಚ್ಚುತ್ತವೆ. ಆದ್ದರಿಂದ ಪರೀಕ್ಷೆಗೆ ಹೊರಡುವವನು ತನ್ನ ಫೋನಿನಲ್ಲಿ, ನೂರಾರು ಸಲ ಕೇಳಿ ಪ್ರತಿ ಉಸಿರೂ ಗೊತ್ತಿರುವ ಹಾಡೊಂದನ್ನು ಇಟ್ಟುಕೊಂಡಿರಬೇಕು. ಪಿ.ಬಿ. ಶ್ರೀನಿವಾಸರ ಮೆಲುದನಿ ಕೊಳಲಿನ ಹಿಂದೆ ಅಡಗಿದರೆ ಅಂಗಡಿಯಿಂದ ಇಳಿಯತಕ್ಕದ್ದು. ಭೀಮಸೇನ ಜೋಶಿಯವರ ಹಿಂದಿನ ತಂಬೂರಿ ಕೇಳದೆ ಬರೀ ತಬಲಾ ಡಗ್ಗ ಕೇಳಿದರೂ ಹಾಗೆಯೇ.

ಸೂತ್ರಂ: ಬಿರುಕಿರ್ದೊಡೆ ಬಾಸ್ ಪೊರಮಡುಗುಂ.

ವೃತ್ತಿ: ಇದು ಶಾಸ್ತ್ರದ ಹೃದಯ. ಕರ್ಣಪ್ರವೇಶಿಯ ಜೊತೆ ಪುಟ್ಟ ಪ್ಲಾಸ್ಟಿಕ್ ಚೀಲದಲ್ಲಿ ಸಣ್ಣದು, ದೊಡ್ಡದು ಎಂದು ಎರಡು ಜೊತೆ ರಬ್ಬರ್ ಬರುತ್ತವೆ. ನಡುವಿನ ಅಳತೆಯದು ಮೊದಲೇ ಹಾಕಿರುತ್ತದೆ. ಲೋಕವೆಲ್ಲ ನಡುವಿನದನ್ನೇ ಹಾಕಿಕೊಂಡು, ಚೀಲವನ್ನು ಹೇರ್‌ಪಿನ್ನು, ಹಳೆಯ ಸಿಮ್ ಕಾರ್ಡ್, ಯಾವುದೋ ಬೀಗದ ಕೈ ಇರುವ ಡ್ರಾಯರಿಗೆ ಎಸೆಯುತ್ತದೆ. ಆಮೇಲೆ ‘ಬಾಸೇ ಇಲ್ಲ’ ಎಂದು ಕಂಪನಿಯನ್ನು ಬೈಯುತ್ತದೆ. ಕಿವಿಯ ನಾಳಕ್ಕೂ ರಬ್ಬರಿಗೂ ನಡುವೆ ಕೂದಲೆಳೆಯ ಸಂದಿದ್ದರೂ ಕೆಳಸ್ವರಗಳು ಅಲ್ಲಿಂದ ಸೋರಿಹೋಗುತ್ತವೆ, ಎಂಟು ಸಾವಿರದ ಇಯರ್‌ಫೋನೂ ತಗಡಿನ ಡಬ್ಬಿಯಾಗುತ್ತದೆ. ಪರೀಕ್ಷೆ ಹೀಗೆ: ಹಾಡು ಹಾಕಿ, ಎರಡೂ ಬಡ್ಡುಗಳನ್ನು ಬೆರಳಿನಿಂದ ಮೆಲ್ಲಗೆ ಒಳಕ್ಕೆ ಒತ್ತಿ. ಒತ್ತಿದಾಗ ಮೃದಂಗ ಇದ್ದಕ್ಕಿದ್ದಂತೆ ತುಂಬಿ ಬಂದರೆ ಅಷ್ಟು ಹೊತ್ತು ಸೋರುತ್ತಿತ್ತೆಂದು ತಿಳಿಯಿರಿ, ದೊಡ್ಡ ರಬ್ಬರ್ ಹಾಕಿರಿ. ಹಾಕಿಕೊಳ್ಳುವಾಗ ಇನ್ನೊಂದು ಕೈಯಿಂದ ಕಿವಿಯನ್ನು ಮೇಲಕ್ಕೂ ಹಿಂದಕ್ಕೂ ಎಳೆದರೆ ನಾಳ ನೆಟ್ಟಗಾಗಿ ಚೆನ್ನಾಗಿ ಕೂರುತ್ತದೆ. ಶಾಲೆಯ ಮೇಷ್ಟ್ರುಗಳು ಈ ವಿದ್ಯೆಯನ್ನು ಇಯರ್‌ಫೋನ್ ಬರುವ ಮೊದಲೇ ಬಲ್ಲವರಾಗಿದ್ದರು.

ಬಲಗಿವಿಗೆ ಒಂದಳತೆ, ಎಡಗಿವಿಗೆ ಇನ್ನೊಂದಳತೆ ಬೇಕಾಗುವುದೂ ಉಂಟು, ನಾಚಿಕೆಪಡಬೇಕಾಗಿಲ್ಲ. ರಬ್ಬರ್ ಸರಿಯಾಗಿ ಕೂತರೆ ಹೊರಗಿನ ಗದ್ದಲ ತಾನಾಗಿ ತಗ್ಗಿ ವಾಲ್ಯೂಮೂ ತಗ್ಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳುವ ಮಿತಿ ವಾರಕ್ಕೆ 40 ಗಂಟೆ, 80 ಡೆಸಿಬೆಲ್. ಅದು ಒಂದು ಆಫೀಸು ಕೆಲಸದಷ್ಟು ಹೊತ್ತು. ಇಂಗು ತೆಂಗಿಲ್ಲದ ಬಜೆಟ್ಟಿನಲ್ಲಿ ಎಎನ್‌ಸಿಯ ಅರ್ಧ ಕೆಲಸವನ್ನು ಡ್ರಾಯರಿನಲ್ಲಿ ಬಿದ್ದಿರುವ ರಬ್ಬರೇ ಮಾಡುತ್ತದೆಂಬುದು ನಮ್ಮ ಸಿದ್ಧಾಂತ; ಇದಕ್ಕೆ ವಿರುದ್ಧವಾದ ಗ್ರಂಥಗಳನ್ನು ನಾವು ಓದುವುದಿಲ್ಲ.

ಸೂತ್ರಂ: ತಂತಿಯಿರ್ದೊಡೆ ಪರಿಗುಂ, ತಂತಿಯಿಲ್ಲದೊಡೆ ಕಳೆದುಪೋಕುಂ.

ವೃತ್ತಿ: ತಂತಿವಾದಿಗಳಿಗೂ ನಿಸ್ತಂತುವಾದಿಗಳಿಗೂ ಇರುವ ವಿವಾದ ಮುಗಿಯುವಂಥದ್ದಲ್ಲ. ನಿರಾಲಂಬ ಮತವು ಪಂಚಭೇದವನ್ನು ಒಪ್ಪುತ್ತದೆ. ಎಡಕ್ಕೂ ಬಲಕ್ಕೂ ಭೇದ, ಎಡಕ್ಕೂ ಫೋನಿಗೂ ಭೇದ, ಬಲಕ್ಕೂ ಫೋನಿಗೂ ಭೇದ, ಬಡ್ಡಿಗೂ ಡಬ್ಬಿಗೂ ಭೇದ, ಕೊನೆಯದಾಗಿ ಡಬ್ಬಿಗೂ ಮಾಲೀಕನಿಗೂ ಭೇದ. ಈ ಕೊನೆಯದು ಆಟೊದಿಂದ ಇಳಿದ ಮೇಲೆ ಅನುಭವಕ್ಕೆ ಬರುತ್ತದೆ. ತಂತಿಯದು ಸರಳ ಮತ. ಸಾವಿರ ರೂಪಾಯಿಯ ನಿರಾಲಂಬದಲ್ಲಿ ಬ್ಯಾಟರಿಗಳಿಗೆ, ಚಿಪ್ಪುಗಳಿಗೆ, ಡಬ್ಬಿಗೆ ಪಾಲು ಹೋಗಿ ಉಳಿದದ್ದು ಸ್ವರಕ್ಕೆ. ಅದೇ ಸಾವಿರದ ತಂತಿಯಲ್ಲಿ ಪಾಲು ಕೇಳುವವರು ಕಡಿಮೆ. ಬಡ್ಡಿನ ಬ್ಯಾಟರಿ ಸತ್ತರೆ ಬದಲಿಸುವ ಗೋಜೂ ಇಲ್ಲ, ಬಡ್ಡನ್ನೇ ಎಸೆಯುವುದು. ಡಬ್ಬಿಯ ಮೇಲಿನ ‘40 ಗಂಟೆ’ ಎಂಬುದು ಡಬ್ಬಿಯಲ್ಲಿ ಮತ್ತೆ ಮತ್ತೆ ಚಾರ್ಜ್ ಮಾಡಿಕೊಂಡರೆ ಒಟ್ಟು ಸಿಗುವ ಲೆಕ್ಕ. ಒಂದೇ ಸಮನೆ ಅಷ್ಟು ಹೊತ್ತು ಹಾಡುತ್ತದೆಂದು ಹುಬ್ಬಳ್ಳಿಗೆ ಹೊರಟವರು ತುಮಕೂರು, ಶಿರಾ ದಾಟಿದ ಮೇಲೆ ಎಂಜಿನ್ ಸದ್ದು ಕೇಳಬೇಕಾಗುತ್ತದೆ.

ಫೋನಿನಲ್ಲಿ ತೂತೇ ಇಲ್ಲದವರು ಟೈಪ್ ಸಿ ಕನ್ವರ್ಟರ್ ಕೊಳ್ಳಬೇಕು. ಬರೀ ತಂತಿಯಷ್ಟೇ ಇರುವ ಅಗ್ಗದ್ದು ಕೆಲವು ಫೋನುಗಳಲ್ಲಿ ನುಡಿಯುವುದೇ ಇಲ್ಲ, ಒಳಗೆ ‘ಡ್ಯಾಕ್’ ಚಿಪ್ಪಿರುವುದನ್ನೇ ಕೇಳಿ ಪಡೆಯಿರಿ.

ತಂತಿ ಹರಿಯುವುದು ಜ್ಯಾಕಿನ ಕುತ್ತಿಗೆಯಲ್ಲಿ. ಮೊದಲು ಒಂದು ಕಿವಿ ಹೋಗುತ್ತದೆ, ಜ್ಯಾಕನ್ನು ತಿರುಚಿ ಒಂದು ಕೋನದಲ್ಲಿ ಹಿಡಿದರೆ ಬರುತ್ತದೆ, ಆ ಕೋನದಲ್ಲೇ ಮನುಷ್ಯ ಆರು ತಿಂಗಳು ಬದುಕುತ್ತಾನೆ. ಹೊಸ ಜ್ಯಾಕ್ ತಾನೇ ಹಾಕಲು ಹೊರಟವನು ಒಳಗಿನ ಎಳೆಗಳ ಮೇಲೆ ಬಣ್ಣದ ಅರಗಿನಂಥ ಲೇಪವಿರುವುದನ್ನು ಮರೆಯಬಾರದು. ಅದನ್ನು ಸುಡದೆ ಸೋಲ್ಡರ್ ಹಿಡಿಯುವುದಿಲ್ಲ. ಇದಕ್ಕಿಂತ ಮುಂಚೆಯೇ, ಕೊಂಡ ದಿನವೇ, ಬಾಲ್‌ಪೆನ್ನಿನ ಸ್ಪ್ರಿಂಗನ್ನು ಕುತ್ತಿಗೆಗೆ ಸುತ್ತುವುದು ಉತ್ತಮ ಪಕ್ಷ. ಮಿತಧನನ ಮನೆಯಲ್ಲಿ ಬರೆಯದ ಪೆನ್ನಿಗೆ ಬರವಿಲ್ಲ.

ಉಳಿದದ್ದು ಹಂಚಿಕೊಳ್ಳುವ ಪ್ರಶ್ನೆ. 1979ರಲ್ಲಿ ಸೋನಿ ಮೊದಲ ವಾಕ್‌ಮನ್ ಬಿಟ್ಟಾಗ ಅದಕ್ಕೆ ಎರಡು ಜ್ಯಾಕ್ ತೂತುಗಳಿದ್ದವು. ಇಬ್ಬರು ಒಟ್ಟಿಗೆ ಕೇಳಲೆಂದೇ ಆ ವ್ಯವಸ್ಥೆ. ನಮ್ಮ ಕಾಲೇಜಿನ ಜೋಡಿಗಳು ಆ ಎರಡನೇ ತೂತಿಗೆ ಕಾಯದೆ, ಬಿಎಂಟಿಸಿ ಸೀಟಿನಲ್ಲಿ ಒಂದೇ ಇಯರ್‌ಫೋನಿನ ಎಡವನ್ನು ಅವಳಿಗೂ ಬಲವನ್ನು ಅವನಿಗೂ ಕೊಟ್ಟು ಶಾಸ್ತ್ರವನ್ನು ಮುಂದಕ್ಕೆ ಒಯ್ದಿವೆ. ಹೀಗೆ ಕೇಳಿದರೆ ಸ್ಟೀರಿಯೊ ಹಾಡಿನಲ್ಲಿ ಒಬ್ಬರಿಗೆ ಗಿಟಾರು, ಇನ್ನೊಬ್ಬರಿಗೆ ವಯಲಿನ್ನು ಹೋಗಿ, ಇಬ್ಬರೂ ಬೇರೆ ಬೇರೆ ಹಾಡು ಮೆಚ್ಚಿರುವ ಸಾಧ್ಯತೆಯುಂಟು. ಬಡ್ಸಿನಿಂದಲೂ ಇದಾಗದೇ ಎಂದು ನಿಸ್ತಂತುವಾದಿಗಳು ಕೇಳುತ್ತಾರೆ. ಆಗುತ್ತದೆ. ಆದರೆ ಅವಳ ಸ್ಟಾಪು ಬಂದು, ‘ನಾಳೆ ಸಿಗ್ತೀನಿ ಕಣೋ’ ಎಂದು ಗಡಿಬಿಡಿಯಲ್ಲಿ ಎದ್ದಾಗ ತಂತಿಯಾದರೆ ಕಿವಿ ಎಳೆದು ಎಚ್ಚರಿಸುತ್ತದೆ. ಬಡ್ಡು ಅವಳ ಜೊತೆಯಲ್ಲೇ ಇಳಿಯುತ್ತದೆ, ಬಸ್ಸು ಹೊರಟು ಹತ್ತಿಪ್ಪತ್ತು ಮೀಟರು ಹೋಗುವವರೆಗೆ ಹಾಡುತ್ತಲೂ ಇರುತ್ತದೆ. ಒಂದೇ ಬಡ್ಡು ಬಿಡಿಯಾಗಿ ಎಷ್ಟಕ್ಕೆ ಸಿಗುತ್ತದೆಂದು ಮಾರನೆಯ ದಿನ ಎಸ್.ಪಿ. ರೋಡಿನಲ್ಲಿ ಕೇಳಿದರೆ, ಅಂಗಡಿಯ ಹುಡುಗ ಇನ್ನೊಂದು ಪೆಟ್ಟಿಗೆಯ ಸೀಲಿಗೆ ಉಗುರು ಹಾಕುತ್ತಾನೆ.