ಒಗ್ಗರಣೆ ಇಲ್ಲದ ಇಪ್ಪತ್ತಾರು ದಿನ

ಮೂವತ್ತೊಂದು ವರ್ಷ ಬ್ಯಾಂಕಿನ ಕ್ಯಾಷ್ ಕೌಂಟರಿನಲ್ಲಿ ಕೂತು ಬೇರೆಯವರ ದುಡ್ಡು ಎಣಿಸಿದವನು ನಾನು. ನಿವೃತ್ತನಾದ ಮೇಲೆ ಬೆರಳು ಸುಮ್ಮನಿರಲೊಲ್ಲದು. ಮೈಸೂರಿನ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಹೆಜ್ಜೆ ಎಣಿಸಿದೆ. ನೀರಿನ ಮೇಲೆ ತೇಲುವ ಹೆಜ್ಜಾರ್ಲೆಗಳನ್ನು ಎಣಿಸಿದೆ. ಕೊನೆಗೆ ತಟ್ಟೆಯಲ್ಲಿ ಬಿದ್ದ ಹೆಸರುಕಾಳಿನ ಮೊಳಕೆ ಎಣಿಸುವ ಸ್ಥಿತಿಗೆ ಬಂದೆ.

ಇದಕ್ಕೆಲ್ಲ ಮೂಲ ನಮ್ಮ ವಾಕಿಂಗ್ ಗುಂಪಿನ ಒಬ್ಬ ನಿವೃತ್ತ ಇಂಜಿನಿಯರು. ಹತ್ತು ದಿನ ಯಾವುದೋ ಪ್ರಕೃತಿ ಚಿಕಿತ್ಸೆಯ ಶಿಬಿರಕ್ಕೆ ಹೋಗಿಬಂದವರು, ಬಂದ ಮಾರನೇ ಬೆಳಗ್ಗೆಯೇ ಕೆರೆ ಏರಿಯ ಮೇಲೆ ನಿಂತು ಘೋಷಿಸಿದರು: "ಬೆಂದ ಅನ್ನ ಸತ್ತ ಅನ್ನ ಕಣ್ರೀ. ಬೇಯಿಸಿದ ಬೀಜ ಬಿತ್ತಿದರೆ ಮೊಳೆಯತ್ತಾ?"

ಮೊಳೆಯುವುದಿಲ್ಲ, ನಿಜ. ಆದರೆ ಹೊಟ್ಟೆಯಲ್ಲಿ ಮೊಳೆಯಲಿ ಅಂತ ಯಾರೂ ಅನ್ನ ಉಣ್ಣುವುದಿಲ್ಲವಲ್ಲ ಎಂಬ ಉತ್ತರ ನನಗೆ ಹೊಳೆದದ್ದು ಮನೆಗೆ ಬಂದು ಚಪ್ಪಲಿ ಬಿಟ್ಟ ಮೇಲೆ. ಅಷ್ಟರಲ್ಲಿ ಎಂಟು ಜನರ ಎದುರು ಮಾತು ಕೊಟ್ಟಾಗಿತ್ತು. ಒಂದು ಮಂಡಲ, ಅಂದರೆ 48 ದಿನ, ಬೆಂದದ್ದು ಮುಟ್ಟುವುದಿಲ್ಲ. ಹಾಲು, ಮೊಸರು, ತುಪ್ಪವೂ ಇಲ್ಲ.

ನನ್ನಾಕೆ ಸುದ್ದಿಯನ್ನು ಶಾಂತವಾಗಿಯೇ ಸ್ವೀಕರಿಸಿದಳು. "ಮಾಡಿ. ಗ್ಯಾಸ್ ಸಿಲಿಂಡರ್ ಹತ್ತು ದಿನ ಜಾಸ್ತಿ ಬರತ್ತೆ," ಅಂದಳು. ಎಂಬತ್ತನಾಲ್ಕರ ಅಮ್ಮ ಮಾತ್ರ ಕನ್ನಡಕ ಏರಿಸಿಕೊಂಡು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಹಸೀದು ಮೇಯಕ್ಕೆ ನೀನೇನು ಕಡಸೇನೋ?"

ಮೊದಲ ದಿನವೇ ಗೊತ್ತಾಯಿತು, ಈ ವ್ರತದಲ್ಲಿ ಏನು ತಿನ್ನಬೇಕು ಅನ್ನುವುದಕ್ಕಿಂತ ಏನು ತಿನ್ನಬಾರದು ಅನ್ನುವ ಪಟ್ಟಿಯೇ ಉದ್ದ. ಕಾಫಿ? ಬೀಜ ಹುರಿದದ್ದು, ಬೀಳುವುದು ಹಾಲು. ಒಂದೇ ಲೋಟದಲ್ಲಿ ಎರಡು ಅಪರಾಧ. ನೆನೆಸಿದ ಅವಲಕ್ಕಿ ತಿನ್ನೋಣವೆಂದರೆ, ಭತ್ತವನ್ನು ನೆನೆಸಿ ಹುರಿದ ಮೇಲೆಯೇ ಅದನ್ನು ಚಪ್ಪಟೆ ಮಾಡುವುದಂತೆ. ಕಡಲೆಪುರಿ, ಹುರಿಗಡಲೆ ಹೆಸರಿನಲ್ಲೇ ಸಿಕ್ಕಿಬಿದ್ದವು. ಬೆಲ್ಲ ಆಲೆಮನೆಯ ಕೊಪ್ಪರಿಗೆಯಲ್ಲಿ ಕುದ್ದು ಬಂದದ್ದು. ಜೇನುತುಪ್ಪ ಕುದ್ದಿಲ್ಲ, ಆದರೆ ಅದು ಜೇನುಹುಳದ ಸ್ವಂತ ಆಸ್ತಿ. ಗೋಡಂಬಿಯನ್ನಾದರೂ ನಂಬೋಣವೆಂದರೆ, ಅದರ ಸಿಪ್ಪೆಯ ಎಣ್ಣೆ ಚರ್ಮ ಸುಡುತ್ತದೆಂದು ಕಾರ್ಖಾನೆಯಲ್ಲಿ ಹಬೆಗೆ ಹಿಡಿದೋ ಹುರಿದೋ ಬಿಡಿಸಿರುತ್ತಾರೆ. ಒಗ್ಗರಣೆಯ ಮಾತಂತೂ ಎತ್ತುವ ಹಾಗಿಲ್ಲ. ಈರನಗೆರೆ ಬದನೆಕಾಯಿಯನ್ನು ಕೈಯಲ್ಲಿ ಹಿಡಿದು, ಒಮ್ಮೆ ನೇವರಿಸಿ, ಬುಟ್ಟಿಗೆ ವಾಪಸು ಹಾಕಿದೆ.

ಹಸಿ ಅಂದರೆ ಎಷ್ಟು ಬಿಸಿಯವರೆಗೆ ಹಸಿ ಎಂಬುದಕ್ಕೂ ಇವರಲ್ಲಿ ಶಾಸ್ತ್ರವಿದೆ. ಕೆಲವರು 42 ಡಿಗ್ರಿ ಸೆಲ್ಸಿಯಸ್ ಅನ್ನುತ್ತಾರೆ, ಉದಾರಿಗಳು 48ರ ತನಕ ಬಿಡುತ್ತಾರೆ. ಮೈಸೂರಿನಲ್ಲಿ ಇದು ತೊಂದರೆಯಿಲ್ಲ. ಕಲಬುರಗಿಯಲ್ಲಿರುವ ನನ್ನ ಷಡ್ಡಕ ಕೇಳಿದರು: "ನಮ್ಮಲ್ಲಿ ಮೇ ತಿಂಗಳು ಮಾಳಿಗೆ ಮ್ಯಾಲೆ ಸೌತಿಕಾಯಿ ಇಟ್ರ ವ್ರತಭಂಗ ಆಗ್ತದೇನ್ರಿ?"

ಇಷ್ಟರಲ್ಲಿ ತೂಕದ ಸಮಸ್ಯೆ ಶುರುವಾಯಿತು. ನಾನು ಹುಟ್ಟಾ ಸಣಕಲ. ಐದಡಿ ಎಂಟಂಗುಲ, 60 ಕೇಜಿ. ಚಿಕ್ಕಂದಿನಲ್ಲಿ ರೈಲ್ವೆ ಸ್ಟೇಷನ್ನಿನ ತೂಕದ ಯಂತ್ರಕ್ಕೆ ನಾಣ್ಯ ಹಾಕಿದರೆ ಬಣ್ಣದ ದೀಪ ಮಿನುಗಿ, ಚಕ್ರ ತಿರುಗಿ, ದಪ್ಪ ಕಾಗದದ ಟಿಕೀಟೊಂದು ಉದುರುತ್ತಿತ್ತು. ಒಂದು ಕಡೆ ತೂಕ, ಇನ್ನೊಂದು ಕಡೆ ಭವಿಷ್ಯ. ನನ್ನ ಟಿಕೀಟಿನಲ್ಲಿ ತೂಕ ಯಾವಾಗಲೂ ಹಗುರ, ಭವಿಷ್ಯ ಮಾತ್ರ ಭಾರಿ. ಈಗ ಮನೆಯಲ್ಲಿರುವ ಗಾಜಿನ ಯಂತ್ರ ತೂಕವನ್ನಷ್ಟೇ ಹೇಳುತ್ತದೆ. ಭವಿಷ್ಯ ಹೇಳುವ ಕೆಲಸವನ್ನು ನಮ್ಮ ಬೀದಿಯವರು ವಹಿಸಿಕೊಂಡಿದ್ದಾರೆ.

ಒಂಬತ್ತನೇ ದಿನ 58 ಆಯಿತು. ಹದಿನಾರನೇ ದಿನ 56. ಬೆಲ್ಟಿಗೆ ಮೊಳೆ ಹೊಡೆದು ಹೊಸ ತೂತು ಮಾಡಿಕೊಂಡೆ. ನಮ್ಮ ಕಡೆ ಇಳಿದವನನ್ನು ಯಾರೂ ಅಭಿನಂದಿಸುವುದಿಲ್ಲ. "ಏನ್ರೀ, ಹಿಂಗಿಳಿದೋಗಿದೀರಿ! ಶುಗರ್ರಾ?" ಎಂದರು ಎದುರುಮನೆ ಮೇಷ್ಟ್ರು. ಅಲ್ಲ ಅಂದರೆ ನಂಬಲಿಲ್ಲ. ಅಲ್ಲ ಅನ್ನುವುದೂ ಶುಗರಿನ ಒಂದು ಲಕ್ಷಣವಂತೆ. ಹೂವಿನವಳು ಮಲ್ಲಿಗೆ ಅಳೆಯುತ್ತ, "ಯಾಕ್ ಸಾಮಿ, ಮನೇಲಿ ಬೇಜಾರಾ?" ಅಂದಳು, ನನ್ನಾಕೆಯ ಎದುರಿಗೇ. ಹಳೆಯ ಸಹೋದ್ಯೋಗಿಯೊಬ್ಬರು ಬಹಳ ಹೊತ್ತು ಹವಾಮಾನ ಮಾತಾಡಿ, ಹೊರಡುವಾಗ ಮೆಲ್ಲಗೆ ಕೇಳಿದರು: "ಎಫ್‌ಡಿಗಳಿಗೆಲ್ಲ ನಾಮಿನೇಷನ್ ಸರಿಯಾಗಿದೆ ತಾನೆ?"

ಇವರೆಲ್ಲರ ಎರಡನೇ ಪ್ರಶ್ನೆ ಮಾತ್ರ ಒಂದೇ: "ಪ್ರೋಟೀನಿಗೆ ಏನು ಮಾಡ್ತೀರಿ?" ಅರವತ್ತೆರಡು ವರ್ಷ ಸಾರನ್ನ ಉಂಡಿದ್ದೇನೆ, ಒಬ್ಬ ನರಪಿಳ್ಳೆಯೂ ಇದನ್ನು ಕೇಳಿರಲಿಲ್ಲ. ಸೌತೆಕಾಯಿ ಕೈಗೆತ್ತಿಕೊಂಡದ್ದೇ ತಡ, ಊರಿಗೆ ಊರೇ ನನ್ನ ಮಾಂಸಖಂಡಗಳಿಗೆ ಪಾಲಕನಾಯಿತು. ಜಿಮ್ಮಿಗೆ ಹೋಗುವ ಅಣ್ಣನ ಮಗನಂತೂ ಬಕೆಟ್ಟಿನಷ್ಟು ದೊಡ್ಡ ಪುಡಿ ಡಬ್ಬ ತಂದು ಮೇಜಿನ ಮೇಲಿಟ್ಟ. "ಚಿಕ್ಕಪ್ಪ, ದಿನಾ ಎರಡು ಸ್ಕೂಪ್." ಓದಿ ನೋಡಿದರೆ ಅದು ಹಾಲಿನಿಂದ ತೆಗೆದದ್ದು. ಅದನ್ನು ಅಮ್ಮ ಮೂರು ದಿನ ಬಟ್ಟೆ ಪುಡಿಯೆಂದೇ ತಿಳಿದಿದ್ದಳು.

ಲೆಕ್ಕ ಅಂದ ಮೇಲೆ ನಾನು ಬಿಡುವವನಲ್ಲ. ಗ್ರಾಂ ತೂಗುವ ಪುಟ್ಟ ಯಂತ್ರ ಕೊಂಡೆ, ಹಳೆಯ ಲೆಡ್ಜರ್ ಪುಸ್ತಕ ತೆಗೆದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2020ರಲ್ಲಿ ಹೇಳಿರುವ ಪ್ರಕಾರ ವಯಸ್ಕರಿಗೆ ಮೈತೂಕದ ಒಂದು ಕೇಜಿಗೆ ದಿನಕ್ಕೆ 0.83 ಗ್ರಾಂ ಪ್ರೋಟೀನು ಬೇಕು. ನನ್ನ ಅರವತ್ತಕ್ಕೆ, ಚಿಲ್ಲರೆ ಸರಿಮಾಡಿದರೆ, 50 ಗ್ರಾಂ. ಇಷ್ಟೇನಾ ಅನ್ನಿಸಿತು. ಬರೀ ಸೌತೆಕಾಯಿಯಿಂದ ಪಡೆಯುವುದಾದರೆ ಎಷ್ಟು ಬೇಕು ಅಂತ ನೋಡಿದೆ: ಏಳೂವರೆ ಕೇಜಿಗೂ ಮೇಲೆ. ತೆಂಗಿನಕಾಯಿಯಿಂದಾದರೆ ಒಂದೂವರೆ ಕೇಜಿ ತುರಿ. ಅದರ ಜೊತೆಗೆ ಐದು ಸಾವಿರ ಕ್ಯಾಲೊರಿ ಉಚಿತ. ಉದ್ದ ಬಾಲದ ಹೆಸರುಕಾಳಿನ ಮೊಳಕೆಯಿಂದಾದರೆ ಒಂದು ಕೇಜಿ ಆರುನೂರೈವತ್ತು ಗ್ರಾಂ. ಅಷ್ಟನ್ನು ತಿಂದವನ ಪಕ್ಕ ವಾಕಿಂಗಿನಲ್ಲಿ ಯಾರೂ ನಡೆಯುವುದಿಲ್ಲ.

ಇಲ್ಲೊಂದು ಜ್ಞಾನೋದಯವೂ ಆಯಿತು. ಮೊಳಕೆ ಬಂದಾಗ ಕಾಳಿನೊಳಗೆ ಪ್ರೋಟೀನು ಉಕ್ಕುತ್ತದೆ ಎಂದು ನಾನು ನಂಬಿದ್ದೆ. 100 ಗ್ರಾಂ ಒಣ ಹೆಸರುಕಾಳಿನಲ್ಲಿ ಸುಮಾರು 24 ಗ್ರಾಂ ಪ್ರೋಟೀನಿದೆ. ನೆನೆಸಿ, ಬಟ್ಟೆಯಲ್ಲಿ ಕಟ್ಟಿ, ಬಾಲ ಬರಿಸಿದರೆ ಬುಟ್ಟಿ ತುಂಬುತ್ತದೆ. ಪ್ರೋಟೀನು ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಊದಿದ್ದೆಲ್ಲ ನೀರು. ನೂರರ ಒಂದು ನೋಟಿಗೆ ಚಿಲ್ಲರೆ ಮಾಡಿಸಿಕೊಂಡು, ಜೇಬು ಭಾರವಾಯಿತೆಂದು ಹಿಗ್ಗಿದ ಹಾಗೆ. ತೂಗಬೇಕಾದದ್ದು ಮೊಳಕೆಯನ್ನಲ್ಲ, ಒಣ ಕಾಳನ್ನು. ಈ ತಪ್ಪನ್ನು ಒಬ್ಬ ಕ್ಯಾಷಿಯರೇ ಮಾಡಿದನೆಂಬುದು ಬ್ಯಾಂಕಿಗೆ ಗೊತ್ತಾಗದಿರಲಿ.

ಹೆಸರುಕಾಳು ಸಾಕಾಗಿ ಒಂದು ರಾತ್ರಿ ರಾಜ್ಮಾ ನೆನೆಹಾಕಿದೆ. ನನ್ನಾಕೆ ನನಗೆ ಹೇಳದೆ ನಮ್ಮ ಡಾಕ್ಟರಿಗೆ ಫೋನ್ ಮಾಡಿದಳು. ಅವರು ನನ್ನನ್ನು ಕರೆಸಿಯೇ ಬಿಟ್ಟರು. "ಸಾರ್, ಹಸಿ ರಾಜ್ಮಾ ನಾಲ್ಕೈದು ಕಾಳು ಸಾಕು, ವಾಂತಿ ಭೇದಿ ಶುರುವಾಗತ್ತೆ. ಅದರಲ್ಲಿರೋ ವಿಷ ಚೆನ್ನಾಗಿ ಕುದಿಸಿದರೆ ಮಾತ್ರ ಹೋಗೋದು. ಹುರುಳಿ, ಅವರೆಯಲ್ಲೂ ಪ್ರೋಟೀನು ಜೀರ್ಣವಾಗದ ಹಾಗೆ ತಡೆಯೋ ಅಂಶ ಇರತ್ತೆ. ಬೆಂಕಿ ನಿಮ್ಮ ಶತ್ರು ಅಲ್ಲ." ಆಮೇಲೆ ಜರ್ಮನಿಯ ಒಂದು ಸಮೀಕ್ಷೆ ಹೇಳಿದರು, 1999ರಲ್ಲಿ ಪ್ರಕಟವಾದದ್ದು. ದೀರ್ಘಕಾಲ ಹಸಿ ಆಹಾರ ತಿಂದವರಲ್ಲಿ ಗಂಡಸರು ಸರಾಸರಿ 10 ಕೇಜಿ, ಹೆಂಗಸರು 12 ಕೇಜಿ ಇಳಿದಿದ್ದರಂತೆ. ನಲವತ್ತೈದರೊಳಗಿನ ಹೆಂಗಸರಲ್ಲಿ ಸುಮಾರು ಮೂರರಲ್ಲೊಂದು ಪಾಲಿಗೆ ಮುಟ್ಟು ಏರುಪೇರಾಗಿತ್ತು, ಇಲ್ಲವೇ ಪೂರ್ತಿ ನಿಂತುಹೋಗಿತ್ತಂತೆ. "ಅವರ ಹತ್ತಿರ ಇಳಿಸೋಕೆ ಹತ್ತು ಕೇಜಿ ಇತ್ತು. ನಿಮ್ಮ ಹತ್ತಿರ ಇರೋದು ಮೂಳೆ." ಕೊನೆಗೆ ಬಿ12 ಮಾತ್ರೆ ಬರೆದರು. ಗಿಡದ ಆಹಾರದಲ್ಲಿ ನಂಬುವಷ್ಟು ಬಿ12 ಸಿಗುವುದಿಲ್ಲವಂತೆ. ಅಮ್ಮ ಮಾತ್ರೆ ತಿರುಗಿಸಿ ನೋಡಿ, "ಇದು ಹಸೀದೋ, ಬೆಂದಿದ್ದೋ?" ಅಂದಳು.

ಧೈರ್ಯಕ್ಕೆ ಗಾಂಧೀಜಿಯ ಆತ್ಮಕಥೆ ತೆರೆದೆ. ಅಲ್ಲಿ ಧೈರ್ಯಕ್ಕಿಂತ ಎಚ್ಚರಿಕೆಯೇ ಹೆಚ್ಚು ಸಿಕ್ಕಿತು. 1918ರಲ್ಲಿ ಖೇಡಾದಲ್ಲಿ ಸೈನ್ಯಕ್ಕೆ ಜನ ಸೇರಿಸಲು ಓಡಾಡುವಾಗ ಅವರ ಊಟ ಮುಖ್ಯವಾಗಿ ಅರೆದ ಕಡಲೆಕಾಯಿ ಬೀಜ ಮತ್ತು ನಿಂಬೆಹಣ್ಣು. ಆಮಶಂಕೆ ಹತ್ತಿ ಸಾವಿನ ಬಾಗಿಲ ತನಕ ಹೋದರು. ಹಾಲು ಕುಡಿಯುವುದಿಲ್ಲವೆಂದು ವ್ರತ ಬೇರೆ. ಹಾಸಿಗೆಯ ಪಕ್ಕ ನಿಂತಿದ್ದ ಕಸ್ತೂರಬಾ, ಹಾಗಾದರೆ ಆಡಿನ ಹಾಲಿಗೆ ಅಡ್ಡಿಯಿಲ್ಲವಲ್ಲ ಎಂದು ದಾರಿ ತೋರಿಸಿದರು. ವ್ರತ ಮಾಡುವಾಗ ಅವರ ಮನಸ್ಸಿನಲ್ಲಿದ್ದದ್ದು ಹಸು, ಎಮ್ಮೆ ಮಾತ್ರ. ಆಡು ಒಳಗೆ ಬಂತು, ಮಹಾತ್ಮರು ಉಳಿದರು. ಅಷ್ಟಕ್ಕೂ ಬಿಡದೆ, ಆತ್ಮಕಥೆ ಬರೆದಾದ ಮೇಲೆ, 1929ರಲ್ಲಿ ಮತ್ತೆ ಬೇಯಿಸದ ಆಹಾರದ ಪ್ರಯೋಗ ಹಿಡಿದರು. ಮತ್ತೆ ಆಮಶಂಕೆ, ಮತ್ತೆ ಆಡಿನ ಹಾಲು. ಪುಸ್ತಕ ಮುಚ್ಚಿ ನೋಡಿದರೆ ನನ್ನಾಕೆ ಅಡುಗೆಮನೆ ಬಾಗಿಲಿಗೆ ಒರಗಿ ನನ್ನನ್ನೇ ನೋಡುತ್ತಿದ್ದಳು. ಆಡಿನ ವಿಚಾರ ಅವಳಿಗೆ ಹೇಳಲಿಲ್ಲ.

ತೂಕ ಉಳಿಸಲು ಇನ್ನೊಂದು ದಾರಿ ಹಿಡಿದೆ: ದಿನಕ್ಕೆ ಇನ್ನೂರು ಗ್ರಾಂ ಕಡಲೆಕಾಯಿ ಬೀಜ, ಒಣಗಿದ್ದಾಗಲೇ ತೂಗಿ ನೆನೆಸಿದ್ದು. ಪ್ರೋಟೀನು ಹೆಚ್ಚುಕಡಿಮೆ 50 ಗ್ರಾಂ, ಕ್ಯಾಲೊರಿ ಸಾವಿರದ ನೂರಕ್ಕೂ ಮೇಲೆ. ಲೆಡ್ಜರ್ ತಾಳೆಯಾಯಿತು, ತೂಕ ಐವತ್ತೇಳೂವರೆಗೆ ಏರಿತು, ಹೊಟ್ಟೆ ತಾಳೆಯಾಗಲಿಲ್ಲ. ಜೊತೆಗೆ ಅಗಿಯುವ ಕೆಲಸ. ಚಿಂಪಾಂಜಿಗಳು ದಿನಕ್ಕೆ ಸುಮಾರು ಆರು ಗಂಟೆ ಅಗಿಯುವುದರಲ್ಲೇ ಕಳೆಯುತ್ತವೆ ಎಂದು ಹಾರ್ವರ್ಡಿನ ರಿಚರ್ಡ್ ರ‍್ಯಾಂಗಮ್ ಲೆಕ್ಕ ಹಾಕಿದ್ದಾರೆ. ಅಡುಗೆ ಕಲಿತದ್ದರಿಂದಲೇ ನಮ್ಮ ಪೂರ್ವಿಕರ ಹಲ್ಲು, ಕರುಳು ಚಿಕ್ಕದಾಗಿ ಮಿದುಳು ದೊಡ್ಡದಾಯಿತು ಎಂಬುದು 2009ರಲ್ಲಿ ಬಂದ ಅವರ ಪುಸ್ತಕದ ವಾದ. ನಾನು ಬೆಳಗ್ಗೆ ಏಳಕ್ಕೆ ಅಗಿಯಲು ಕೂತರೆ ಪೇಪರಿನ ಸಂಪಾದಕೀಯ ಮುಗಿದು, ಟೆಂಡರ್ ನೋಟೀಸು ಓದುವಾಗಲೂ ದವಡೆ ಆಡುತ್ತಲೇ ಇತ್ತು. ನನ್ನ ಮಿದುಳು ಹಿಂದಕ್ಕೆ ಹೊರಟಿದೆಯೇನೋ ಎಂದು ಅನುಮಾನ ಬಂದದ್ದು ಆಗಲೇ.

ಇಪ್ಪತ್ತಾರನೇ ದಿನ ನಂಜನಗೂಡಿನಲ್ಲಿ ನನ್ನಾಕೆಯ ಕಡೆಯವರ ಉಪನಯನ. ರಸಬಾಳೆ ಸಿಗುವ ಊರು, ಹಣ್ಣು ತಿಂದು ದಿನ ಕಳೆಯೋಣವೆಂದು ಹೋದೆ. ಬಲವಂತಕ್ಕೆ ಪಂಕ್ತಿಯಲ್ಲಿ ಕೂತೆ. ಉಪ್ಪು, ಉಪ್ಪಿನಕಾಯಿ ಬಂತು. ಹಿಂದೆಯೇ ಕೋಸಂಬರಿ. ನನ್ನ ಮುಖ ಅರಳಿತು. ಬಡಿಸುವ ಹುಡುಗನನ್ನು ತಡೆದು ಕೇಳಿದೆ: "ಇದು ಹಸೀದೇ ತಾನೆ?" ಅವನು ಬೆಚ್ಚಿಬಿದ್ದ. "ಹಸೀದಾ? ಛೇ ಛೇ, ಎಲ್ಲಾ ಚೆನ್ನಾಗಿ ಬೆಂದಿದೆ ಸಾರ್!" ಎಂದವನೇ ಭಟ್ಟರನ್ನು ಕೂಗಿದ. ಭಟ್ಟರು ಸೌಟು ಹಿಡಿದೇ ಬಂದರು. ಹತ್ತು ಎಲೆಯವರು ನನ್ನತ್ತ ತಿರುಗಿದರು. ನನ್ನಾಕೆ ನನ್ನ ಪರಿಚಯವೇ ಇಲ್ಲದವಳ ಹಾಗೆ ಕಂಬ ನೋಡಿದಳು.

ಗಲಾಟೆ ಅಡಗಿದ ಮೇಲೆ ಎಲೆಯನ್ನು ನೆಟ್ಟಗೆ ನೋಡಿದೆ. ಅರವತ್ತೆರಡು ವರ್ಷದಲ್ಲಿ ಅದನ್ನು ಹಾಗೆ ನೋಡಿರಲಿಲ್ಲ. ನೆನೆದ ಹೆಸರುಬೇಳೆ, ಸೌತೆಕಾಯಿ, ಕಾಯಿತುರಿ ಎಲ್ಲ ಮೇಲಿನ ಸಾಲಿನಲ್ಲಿ, ಊಟ ಶುರುವಾಗುವ ಮುಂಚೆಯೇ ಬಂದು ಕೂತಿತ್ತು. ಗೌರವ ಮೊದಲನೆಯದು, ಜಾಗ ಮಾತ್ರ ಅಂಗೈಯಷ್ಟು. ನಡುವಿನ ಜಾಗವನ್ನು ಅನ್ನಕ್ಕೆ, ತೊವ್ವೆಗೆ ಬಿಟ್ಟಿತ್ತು. ಅಕ್ಕಿಯಲ್ಲಿ ಲೈಸೀನು ಕಡಿಮೆ, ಬೇಳೆಯಲ್ಲಿ ಮಿಥಿಯೊನೀನು ಕಡಿಮೆ. ಒಂದರ ಬಾಕಿಯನ್ನು ಇನ್ನೊಂದು ತೀರಿಸುತ್ತದೆ. ಕೊನೆಗೆ ಬರುವ ಮೊಸರು ಬಿ12ರ ಬಾಬ್ತು. ಇಂಜಿನಿಯರು ಕೆರೆ ಏರಿಯ ಮೇಲೆ ಎತ್ತಿದ ತಕರಾರನ್ನು ಈ ಎಲೆ ಯಾವತ್ತೋ ಇತ್ಯರ್ಥ ಮಾಡಿ ಮಡಿಸಿಟ್ಟಿತ್ತು. ನಾನು ಎಲೆಯ ಮೇಲಂಚನ್ನೇ ಇಡೀ ಎಲೆಯೆಂದು ತಿಳಿದಿದ್ದೆ.

ಆಗ ಒಳಗಿನಿಂದ ಸಾರಿಗೆ ಒಗ್ಗರಣೆ ಬಿದ್ದ ಸದ್ದು ಕೇಳಿಸಿತು. ಹಿಂದೆಯೇ ಇಂಗು, ಕರಿಬೇವಿನ ಘಮ. ಹುಡುಗ ಅನ್ನದ ಬುಟ್ಟಿ ಹಿಡಿದು ಹೆದರುತ್ತಲೇ ನನ್ನ ಮುಂದೆ ನಿಂತ. "ಬೆಂದಿದೆಯೇನಪ್ಪಾ?" ಅಂದೆ. "ಬೆಂದಿದೆ ಸಾರ್." "ಹಾಕು."

ಇದಾಗಿ ಒಂದೂವರೆ ತಿಂಗಳಾಯಿತು. ಗ್ರಾಂ ಯಂತ್ರದಲ್ಲಿ ನನ್ನಾಕೆ ಈಗ ಬೆಳ್ಳಿ ಕುಂಕುಮದ ಬಟ್ಟಲು ತೂಗಿ ಇಡುತ್ತಾಳೆ. ದಿನಾ ಊಟಕ್ಕೆ ಮುಂಚೆ ಒಂದು ಬಟ್ಟಲು ಕೋಸಂಬರಿ ಮಾತ್ರ ಉಳಿದುಕೊಂಡಿದೆ, ಒಗ್ಗರಣೆ ಸಮೇತ. ಮೊನ್ನೆ ಬೆಳಗ್ಗೆ ಗಾಜಿನ ಯಂತ್ರದ ಮೇಲೆ ನಿಂತೆ: 60. ಗ್ರಾಂ ಹೆಚ್ಚಿಲ್ಲ, ಕಡಿಮೆಯಿಲ್ಲ.

ನಡುಮನೆಯಲ್ಲಿ ಕೂತು ಬತ್ತಿ ಹೊಸೆಯುತ್ತಿದ್ದ ಅಮ್ಮ ಕೇಳಿದಳು: "ಇಷ್ಟೆಲ್ಲಾ ಕುಣಿದಿದ್ದಕ್ಕೆ ಬಡ್ಡಿ ಎಷ್ಟು ಬಂತೋ?"

"ಬಡ್ಡಿ ಏನೂ ಇಲ್ಲಮ್ಮ."

"ಅಸಲು ಉಳೀತಲ್ಲ, ಸಾಕು. ಹೋಗು, ಕಾಫಿ ಆರ‍್ತಾ ಇದೆ."